ದಿಡ್ಡಿ ಬಾಗಿಲೆಂದರೆ ದೊಡ್ಡ ಬಾಗಿಲಲ್ಲ

ನಮ್ಮ ಮನೆಯವರ ಈ ಗುಂಪಿನಲ್ಲಿ ತಂಗಿಯ ಮಗಳು ಕೇಳಿದ್ದನ್ನು ಓದಿದೆ. ಹಳೆಯ ಪತ್ರದ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಯ ವಿವರದಲ್ಲಿ, "ಪೂರ್ವಕ್ಕೆ ದಿಡ್ಡಿ ಬಾಗಿಲು, ಅದರಾಚೆ ಓಣಿ" ಎಂದಿದೆ, ಪತ್ರ ಬರೆಯುವವರಿಗೆ ಆ ಪದ ತಿಳಿಯದು, ಹೊಸ ವಿಭಾಗ ಪತ್ರದಲ್ಲಿ ಅದನ್ನು ಬದಲಿಸಿದರೆ ತೊಂದರೆಯಾದೀತೇ ಎಂಬುದು ಆಕೆಯ ಆತಂಕ. ಖಂಡಿತ ಆಗುತ್ತದೆ. ಆ ಪದವನ್ನು ಯಾರೂ ಮುಟ್ಟಬಾರದು.

ನಮ್ಮ ದಿಡ್ಡಿ ನಿಮಗೆಲ್ಲ ಗೊತ್ತಿರುವುದೇ: ಒಂಟಿ ಕದ, ಒಳಗಿನಿಂದ ಅಗುಳಿ, ಹುಲ್ಲುಹೊರೆ ಹೊತ್ತು ಬಂದವರು ಹೊರೆ ಇಳಿಸಿ ತಲೆ ಬಗ್ಗಿಸಿಯೇ ದಾಟಬೇಕು. ಕೋಟೆಯ ಗೋಡೆಯಲ್ಲಾಗಲಿ, ಹೆಬ್ಬಾಗಿಲಿನ ಕದದಲ್ಲೇ ಆಗಲಿ, ಹಿತ್ತಲಿನಲ್ಲಾಗಲಿ, ಒಬ್ಬೊಬ್ಬರೇ ನುಸುಳುವಂತೆ ಇಟ್ಟ ಕಿರುಬಾಗಿಲಿಗೆ ದಿಡ್ಡಿ ಎನ್ನುತ್ತಾರೆ. ಚಿತ್ರದುರ್ಗದ ಕೋಟೆಯ ರಂಗಯ್ಯನ ಬಾಗಿಲು, ಉಚ್ಚಂಗಿ ಬಾಗಿಲು ದಿಡ್ಡಿಗಳಲ್ಲ, ಹೆಬ್ಬಾಗಿಲುಗಳು. ಓಬವ್ವನ ಕಿಂಡಿಯೂ ದಿಡ್ಡಿಯಲ್ಲ; ಅದು ಬಂಡೆಗಳ ಸಂದು, ದಿಡ್ಡಿಗೆ ಕದವಿರಬೇಕು. ತೆಲುಗಿನಲ್ಲೂ ಇದು ದಿಡ್ಡಿಯೇ, ತಮಿಳಿನಲ್ಲಿ ತಿಟ್ಟಿವಾಸಲ್, ಮರಾಠಿಯಲ್ಲಿ ದಿಂಡಿ ದರವಾಜಾ. ಇಷ್ಟು ನಾಡು ಸುತ್ತಿದ ಮಾತನ್ನು ಕೈಬರಹದ ತಪ್ಪು ಎನ್ನುವುದು ಹೇಗೆ?

ನನ್ನ ಪಾಲಿನ ಪತ್ರದಲ್ಲಿ ಆದದ್ದು ಅದೇ. ಬರಹಗಾರರೊಬ್ಬರು ದಿಡ್ಡಿಯನ್ನು ತಾವೇ "ದೊಡ್ಡ" ಎಂದು ತಿದ್ದಿದರು. ನಮ್ಮ ದೊಡ್ಡ ಬಾಗಿಲಿರುವುದು ಪಶ್ಚಿಮಕ್ಕೆ, ರಸ್ತೆಯ ಕಡೆಗೆ. ಪೂರ್ವದಲ್ಲಿ ದೊಡ್ಡ ಬಾಗಿಲು ಎಲ್ಲಿದೆ, ಇಲ್ಲದ ಮೇಲೆ ಓಣಿಯ ಹಕ್ಕು ಎಲ್ಲಿಯದು ಎಂದು ನೆರೆಯವರು ಓಣಿಗೆ ಅಡ್ಡಗೋಡೆ ಎಬ್ಬಿಸಿದರು. ಕೋರ್ಟಿನ ಕಮಿಷನರ್ ಟೇಪು ಹಿಡಿದು ಬಂದು ಅದೇ ದಿಡ್ಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಹೊಸ್ತಿಲಿನಿಂದ ಮೇಲಿನ ಪಟ್ಟಿಯವರೆಗೆ ಅಳೆದು ಬರೆದುಕೊಂಡರು. ಅಜ್ಜನ ಕಾಲದ ಮೂಲಪತ್ರ ಸಿಗದಿದ್ದರೆ ಓಣಿ ಹೋಗುತ್ತಿತ್ತು. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಆ ಪದವನ್ನು ಮುಟ್ಟಬೇಡಿ.

ಆಗ ಸಾಕ್ಷಿ ಹೇಳಿ ಎಂದು ಎಷ್ಟು ಜನರನ್ನು ಕೇಳಿಕೊಂಡೆ! ದಿನವೂ ಆ ದಿಡ್ಡಿಯಿಂದಲೇ ನೀರು ತಂದವರಿಗೆ ನೆನಪಿರಲಿಲ್ಲ, ಬೆಂಗಳೂರಿನವರಿಗೆ ರಜೆ ಸಿಗಲಿಲ್ಲ. ತೀರ್ಪು ಬಂದ ಮೇಲೆ ಮಾತ್ರ ಎಲ್ಲರಿಗೂ ಓಣಿಯಲ್ಲಿ ಕಾರು ನಿಲ್ಲಿಸಲು ಜಾಗ ಬೇಕಾಯಿತು. ಈ ಗುಂಪಿನಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ.

ಹಾಂ, ಮಾಡಬೇಕಾದದ್ದನ್ನು ಹೇಳುವುದೇ ಉಳಿಯಿತು. "ದಿಡ್ಡಿ ಬಾಗಿಲು" ಎಂಬುದನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ "ಅಂದರೆ ಹಿತ್ತಲ ಗೋಡೆಯ ಕಿರುಬಾಗಿಲು" ಎಂದು ಸೇರಿಸಿ, ಅದರ ಎತ್ತರ ಅಗಲ ಬರೆಸಿ. ಉಪನೋಂದಣಿ ಕಚೇರಿಯಿಂದ ಹಳೆಯ ಪತ್ರದ ದೃಢೀಕೃತ ನಕಲು ತೆಗೆದಿಡಿ. ನೋಂದಣಿಯಾದ ಮೇಲೆ ತಪ್ಪು ಕಂಡರೆ ತಿದ್ದುಪಡಿ ಪತ್ರಕ್ಕೆ ಪಾಲುದಾರರೆಲ್ಲ ಮತ್ತೆ ಬಂದು ಸಹಿ ಹಾಕಬೇಕು. ನಮ್ಮವರು ಬರುವ ಚಂದ ಗೊತ್ತಲ್ಲ. ಕರಡನ್ನು ಮೊದಲು ಇಲ್ಲಿಗೆ ಹಾಕಮ್ಮ, ಓದಿ ಹೇಳುತ್ತೇನೆ.