ಔಟ್ ಆಫ್ ಚಾರ್ಜ್ ಸಿಕ್ಕರೂ ಗೇಟ್ ದಾಟದ ಕಂಟೇನರ್: ಒಂದೇ ಪರದೆ ಸಾಕೇ?

ವಾಶಿ ಬ್ರೋಕರ್:
2018ರ ಡಿಸೆಂಬರಿನಲ್ಲಿ ಇಂಡಿಯನ್ ಪೋರ್ಟ್ಸ್ ಅಸೋಸಿಯೇಶನ್ ಬಂದರಿನ ಎಲ್ಲರೂ ಮಾಹಿತಿ ಹಂಚಿಕೊಳ್ಳುವ ಪಿಸಿಎಸ್1ಎಕ್ಸ್ ಎಂಬ ವ್ಯವಸ್ಥೆ ತಂದಿತು. 2023ರ ಜನವರಿಯಲ್ಲಿ ಅದೇ ಕೆಲಸಕ್ಕೆ ಎನ್‌ಎಲ್‌ಪಿ ಮರೀನ್ ಬಂತು. ಕಸ್ಟಮ್ಸಿನ ಪೋರ್ಟಲ್ ಐಸ್‌ಗೇಟ್ ಇವೆರಡಕ್ಕಿಂತ ಎಷ್ಟೋ ಹಳೆಯದು. ಇಷ್ಟೆಲ್ಲ ಇದ್ದೂ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಒಂದು ಆಮದು ಬಾಕ್ಸ್ (ಕಂಟೇನರ್) ಬಿಡಿಸಬೇಕಾದರೆ ಅದೇ ಬಿಎಲ್ (ಹಡಗಿನ ಸಾಗಣೆ ಪತ್ರ) ನಂಬರು, ಅದೇ ಕಂಟೇನರ್ ನಂಬರನ್ನು ಬಿಲ್ ಆಫ್ ಎಂಟ್ರಿಗೆ (ಕಸ್ಟಮ್ಸಿಗೆ ಕೊಡುವ ಆಮದು ಘೋಷಣೆ) ಒಮ್ಮೆ, ಲೈನಿನ (ಹಡಗು ಕಂಪನಿಯ) ವೆಬ್‌ಸೈಟಿಗೆ ಒಮ್ಮೆ, ಟರ್ಮಿನಲ್ ಪೋರ್ಟಲ್‌ಗೆ ಒಮ್ಮೆ, ಕೊನೆಗೆ ಟ್ರಾನ್ಸ್‌ಪೋರ್ಟರ್ ವಾಟ್ಸಾಪಿಗೆ ಒಮ್ಮೆ ಹೊಡೆಯುವುದು ತಪ್ಪಿಲ್ಲ. ಹಂಚಿಕೆಯ ವ್ಯವಸ್ಥೆ ಅಂದಮೇಲೆ ಒಂದೇ ಪರದೆ, ಒಂದೇ ಹಸಿರು ದೀಪ ಇರಬೇಕು. ಹಸಿರಾಯಿತೋ, ಗಾಡಿ ಕಳಿಸಬೇಕು. ಔಟ್ ಆಫ್ ಚಾರ್ಜ್ (ಸರಕು ಒಯ್ಯಬಹುದು ಎಂಬ ಕಸ್ಟಮ್ಸ್ ಅನುಮತಿ) ಆದಮೇಲೂ ಗೇಟಿನಿಂದ ಗಾಡಿ ಖಾಲಿ ವಾಪಸಾಗುವುದಾದರೆ ಆ ವ್ಯವಸ್ಥೆ ಇದ್ದೂ ಏನು ಪ್ರಯೋಜನ? ಬಲ್ಲವರು ಹೇಳಿ.

ಉರಣ್ ಯಾರ್ಡ್ ಪ್ಲಾನರ್:
ಒಂದೇ ದೀಪ ಬೇಡ ಮಾರಾಯ್ರೆ, ಗೋಳು ಶುರುವಾಗುವುದೇ ಅಲ್ಲಿಂದ. ಆಮದು ಬಾಕ್ಸ್ ಹೊರಬೀಳಲು ನಾಲ್ಕು ಅನುಮತಿ ಬೇಕು, ನಾಲ್ಕೂ ಬೇರೆಬೇರೆಯವರ ಕೈಯಲ್ಲಿವೆ. ಔಟ್ ಆಫ್ ಚಾರ್ಜ್ ಕಸ್ಟಮ್ಸಿನದು. ಬಾಕ್ಸ್ ಕೊಡಿ ಎಂಬ ಡೆಲಿವರಿ ಆರ್ಡರ್ (ಡಿಒ) ಶಿಪ್ಪಿಂಗ್ ಲೈನಿನದು. ನಮ್ಮ ಬಾಕಿ ತೀರಿದ್ದಕ್ಕೆ ಟರ್ಮಿನಲ್ ಬಿಲ್. ನಾಲ್ಕನೆಯದು ಯಾವ ಗಾಡಿ, ಯಾವ ಡ್ರೈವರ್ ಎಂಬ ನೋಂದಣಿ. ಇದರಲ್ಲಿ ಡಿಒಗೂ ಟರ್ಮಿನಲ್ ಬಿಲ್ಲಿಗೂ ಅವಧಿ ಇದೆ. ಶುಕ್ರವಾರ ಸಂಜೆ ನಾಲ್ಕೂ ಸರಿಯಿದ್ದು, ಗಾಡಿ ಸಿಗದೆ ಸೋಮವಾರ ಬಂದರೆ ಇವೆರಡೂ ಮುಗಿದಿರಬಹುದು. ಪರದೆ ಮಾತ್ರ "ರಿಲೀಸ್ಡ್" ಎಂದು ಹಸಿರಾಗಿಯೇ ಕೂತಿರುತ್ತದೆ, ಏಕೆಂದರೆ ಅದು ಕೊನೆಗೆ ಬಂದ ಸಂದೇಶವನ್ನಷ್ಟೇ ತೋರಿಸುತ್ತದೆ. ಗೇಟ್ ಕ್ಲರ್ಕಿಗೆ ತಿರಸ್ಕಾರ ಕಾಣುತ್ತದೆ, ಕಾರಣ ಕಾಣುವುದಿಲ್ಲ. ನಾಲ್ಕನ್ನೂ ಬೇರೆಬೇರೆ ಸಾಲಿನಲ್ಲಿ ತೋರಿಸಲಿ. ಪ್ರತಿ ಸಾಲಿನಲ್ಲಿ ಕೊಟ್ಟವರು ಯಾರು, ಎಷ್ಟು ಹೊತ್ತಿಗೆ ಕೊಟ್ಟರು, ಯಾವಾಗ ಮುಗಿಯುತ್ತದೆ ಎಂದು ಇರಲಿ. ಆಗ ಯಾರಿಗೆ ಫೋನ್ ಮಾಡಬೇಕು ಎಂಬುದಾದರೂ ತಿಳಿಯುತ್ತದೆ.

ವಾಶಿ ಬ್ರೋಕರ್:
ಆಮದುದಾರನಿಗೆ ಈ ನಾಲ್ಕು ಸಾಲು ಓದುವ ಉಸಾಬರಿ ಯಾಕೆ ಸಾರ್? ಅವನ ಪ್ರಶ್ನೆ ಒಂದೇ, "ಗಾಡಿ ಕಳಿಸಲಾ?"

ಪುಣೆ ಇಡಿಐ:
ಆ ಪ್ರಶ್ನೆಗೆ ಉತ್ತರ ಕೊಡುವುದು ಪರದೆಯ ಕೆಲಸ. ಉತ್ತರ ಸುಳ್ಳಾಗದಂತೆ ನೋಡಿಕೊಳ್ಳುವುದು ಸಂದೇಶಗಳ ಕೆಲಸ. ತೊಂದರೆ ಹೆಚ್ಚಾಗಿ ಎರಡನೆಯದರಲ್ಲಿ.

ಒಂದು ಉದಾಹರಣೆ. ಲೈನ್ ಬಿಡುಗಡೆ ಆದೇಶವನ್ನು ಎಡಿಫ್ಯಾಕ್ಟ್‌ನ (ಕಂಪ್ಯೂಟರುಗಳು ಪರಸ್ಪರ ಕಳಿಸುವ ವ್ಯಾಪಾರ ಸಂದೇಶಗಳ ಅಂತರರಾಷ್ಟ್ರೀಯ ಮಾದರಿ) ಕೋರಿಯೋರ್ ಸಂದೇಶವಾಗಿ ಕಳಿಸುತ್ತದೆ ಅಂದುಕೊಳ್ಳಿ. ಅದರ ತಲೆಯಲ್ಲಿ ಒಂದು ಕೋಡ್ ಇರುತ್ತದೆ: 9 ಅಂದರೆ ಹೊಸದು, 5 ಅಂದರೆ ಹಳೆಯದರ ಬದಲಿಗೆ ಇದು, 1 ಅಂದರೆ ರದ್ದು. ಡಿಒ ಅವಧಿ ಮುಂದೂಡಿದಾಗ ಕೆಲವು ಲೈನುಗಳ ಸಿಸ್ಟಂ 5 ಕಳಿಸುವ ಬದಲು ಮೊದಲು 1, ಹಿಂದೆಯೇ 9 ಕಳಿಸುತ್ತದೆ. ಎರಡೂ ಒಂದೇ ನಿಮಿಷದಲ್ಲಿ ಹೊರಟು ದಾರಿಯಲ್ಲಿ ಹಿಂದುಮುಂದಾದರೆ, ಹೊಸ ಡಿಒ ಮೊದಲು ಒಳಬರುತ್ತದೆ, ಆಮೇಲೆ ಬಂದ ರದ್ದು ಆ ಹೊಸದನ್ನೇ ಕೊಂದುಹಾಕುತ್ತದೆ. ಲೈನಿನ ಕಡೆ "ರಿಲೀಸ್ಡ್", ಟರ್ಮಿನಲ್ ಕಡೆ "ಹೋಲ್ಡ್". ಇಬ್ಬರೂ ತಂತಮ್ಮ ಪರದೆಯ ಸ್ಕ್ರೀನ್‌ಶಾಟ್ ಕಳಿಸಿಕೊಂಡು ಜಗಳವಾಡುತ್ತಾರೆ, ಇಬ್ಬರದ್ದೂ ಸತ್ಯವೇ.

ಮದ್ದು ಸುಲಭ: ರದ್ದಿನ ಸಂದೇಶ ತಾನು ಯಾವ ಮೂಲ ಸಂದೇಶವನ್ನು ರದ್ದು ಮಾಡುತ್ತಿದ್ದೇನೆ ಎಂಬ ಉಲ್ಲೇಖ ಸಂಖ್ಯೆ ಹೊತ್ತಿರಬೇಕು, ಟರ್ಮಿನಲ್ ಅದನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟಬಾರದು. ಜೊತೆಗೆ ಕಂಟ್ರೋಲ್ ಎಂಬ ಸ್ವೀಕೃತಿ ಬಂದರೆ "ತಲುಪಿತು, ವ್ಯಾಕರಣ ಸರಿಯಿದೆ" ಎಂದಷ್ಟೇ ಅರ್ಥ. ಒಳಗಿನ ವಿಷಯವನ್ನು ಒಪ್ಪಲಾಯಿತೋ ಇಲ್ಲವೋ ಎಂದು ಹೇಳುವುದು ಅಪೆರಾಕ್. ಕಂಟ್ರೋಲ್ ನೋಡಿಯೇ ಗ್ರಾಹಕನಿಗೆ "ಆಯ್ತು" ಎನ್ನುವ ಡೆಸ್ಕುಗಳು ಬೇಕಾದಷ್ಟಿವೆ.

ನೀವು ಹೇಳಿದ ನಾಲ್ಕು ಕಡೆ ಟೈಪ್ ಮಾಡುವ ಪಾಡಿಗೆ: ಕನಿಷ್ಠ ಕಂಟೇನರ್ ನಂಬರನ್ನು ಎಂಟ್ರಿಯಲ್ಲೇ ಪರೀಕ್ಷಿಸಬಹುದು. ಸಿಎಸ್‌ಕ್ಯೂಯು 305438 ಎಂಬ ನಂಬರು ತಗೊಳ್ಳಿ. ಕಂಟೇನರ್ ನಂಬರಿನ ಮಾನದಂಡವಾದ ಐಎಸ್ಒ 6346ರ ಪ್ರಕಾರ ಅಕ್ಷರಗಳಿಗೆ 13, 30, 28, 32 ಬೆಲೆ (11ರ ಗುಣಕಗಳನ್ನು ಬಿಟ್ಟು ಎಣಿಸುತ್ತಾರೆ). ಎಡದಿಂದ 1, 2, 4, 8 ಹೀಗೆ 512ರವರೆಗೆ ದ್ವಿಗುಣಿಸುತ್ತ ಗುಣಿಸಿ ಕೂಡಿದರೆ 6185. 11ರಿಂದ ಭಾಗಿಸಿದರೆ ಶೇಷ 3, ಪರೀಕ್ಷೆಗೆಂದು ನಂಬರಿನ ಕೊನೆಗೆ ಸೇರಿಸುವ ಅಂಕಿ ಅದೇ. ಒಂದು ಅಂಕಿ ತಪ್ಪಿದರೆ ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತದೆ. ಶೇಷ 10 ಬಂದಾಗ 0 ಎಂದೇ ಬರೆಯುವುದರಿಂದ ಒಂದು ಸಣ್ಣ ಕಂಡಿ ಉಳಿಯುತ್ತದೆ, ಅಂಥ ನಂಬರು ಬಳಸಬೇಡಿ ಎಂದು ಶಿಫಾರಸು ಇದೆ. ಇಷ್ಟು ಪರೀಕ್ಷೆಯೂ ಇಲ್ಲದ ವೆಬ್ ಫಾರ್ಮುಗಳು ಇನ್ನೂ ಇವೆ ಎಂಬುದು ನಾಚಿಕೆಗೇಡು.

ಕಳಂಬೋಲಿ ಟ್ರೇಲರ್:
ನೀವೆಲ್ಲಾ ಆಮದಿನ ಡಬ್ಬಿ ಹೊರಗ ಬರೂದನ್ನಷ್ಟ ಮಾತಾಡಾಕತ್ತೀರಿ. ಖಾಲಿ ಡಬ್ಬಿ ವಾಪಸ್ ಕೊಡೂದು ಯಾರ ಲೆಕ್ಕದಾಗೂ ಇಲ್ಲೇನ್ರೀ? ಮಾಲ್ ಇಳಿಸಿದ ಮ್ಯಾಲ ಲೈನ್ ಕೊಡೂ ಎಂಪ್ಟಿ ಲೆಟರ್‌ನಾಗ ಒಂದು ಯಾರ್ಡ್ ಹೆಸರು ಇರ್ತದ. ಗಾಡಿ ಅಲ್ಲಿ ಮುಟ್ಟೂದ್ರಾಗ ಯಾರ್ಡ್ ತುಂಬಿರ್ತದ, ಇಲ್ಲಾ ಆ ಸೈಜು ತಗೊಳ್ಳೂದು ಬಂದ್ ಮಾಡಿರ್ತಾರ. ಮತ್ತ ಹೊಸಾ ಲೆಟರ್, ಮತ್ತ ಕಾಯೂದು. ಅಷ್ಟ್ರಾಗ ಡಿಟೆನ್ಶನ್ (ಡಬ್ಬಿ ವಾಪಸ್ ತಡಾ ಆದ್ರ ಲೈನ್ ಹಾಕೂ ಚಾರ್ಜು) ಮೀಟರ್ ಓಡ್ತಿರ್ತದ. ಯಾರ್ಡಿನಾಗ ಎಷ್ಟು ಜಾಗಾ ಅದ, 20 ಫೂಟ್ ತಗೋತಾರೋ 40 ಫೂಟ್ ತಗೋತಾರೋ, ಇದನ್ನ ಲೈನ್ ತನ್ನ ಕಡೆನ ಇಟ್ಕೊಂಡು ಕೂತ್ರ ಬಂದರಿನ ಸಿಸ್ಟಂ ಏನ್ ಮಾಡ್ಬೇಕ್ರೀ? ಎಕ್ಸ್‌ಪೋರ್ಟ್ ಡಬ್ಬಿ ಒಳಗ ಹಾಕಿ ಇಂಪೋರ್ಟ್ ಡಬ್ಬಿ ಹೊರಗ ತಂದ್ರನ ನಮಗ ಡೀಸೆಲ್ ಉಳೀತದ. ಅದಕ್ಕ ಎರಡೂ ಮಾಹಿತಿ ಒಂದ ಹೊತ್ತಿಗೆ ಕೈಯಾಗ ಇರ್ಬೇಕು. ಇಲ್ಲಾಂದ್ರ ಪಾರ್ಕಿಂಗ್ ಪ್ಲಾಜಾದಾಗ ಚಹಾ ಕುಡ್ಕೋತ ಕೂಡೂದು ಅಷ್ಟ.

ಚಾಕಣ್ ಎಕ್ಸ್‌ಪೋರ್ಟ್:
ಅಣ್ಣ ಹೇಳಿದ್ದು ಸರಿ. ರಫ್ತಿನ ಕಡೆಯದನ್ನೂ ಸೇರಿಸುತ್ತೇನೆ. ರಫ್ತು ಬಾಕ್ಸನ್ನು ಗೇಟಿನೊಳಗೆ ಬಿಡಲು ಬೇಕಾದ ಫಾರ್ಮ್ 13ರಲ್ಲಿ ಬುಕಿಂಗ್ ನಂಬರು, ಹಡಗು ಮತ್ತು ಪ್ರಯಾಣ, ಇಳಿಸುವ ಬಂದರು, ಶಿಪ್ಪಿಂಗ್ ಬಿಲ್ (ಕಸ್ಟಮ್ಸಿಗೆ ಕೊಡುವ ರಫ್ತು ಘೋಷಣೆ), ಸೀಲ್, ವಿಜಿಎಂ (ದೃಢಪಡಿಸಿದ ಒಟ್ಟು ತೂಕ), ಗಾಡಿ ನಂಬರು ಎಲ್ಲ ಒಂದಕ್ಕೊಂದು ಹೊಂದಬೇಕು. ಕಾರ್ಖಾನೆಯಲ್ಲಿ ತುಂಬಿ ಸ್ವಯಂ ಸೀಲ್ ಮಾಡುವವರಿಗೆ 2017ರಿಂದ ಆರ್‌ಎಫ್‌ಐಡಿ ಸೀಲ್ ಇದೆ. ಸೀಲಿನ ಬೋಲ್ಟ್ ಮುರಿದು ಬೇರೆ ಹಾಕಿದರೆ ಹೊಸ ನಂಬರು ಸೀಲ್ ಕೊಟ್ಟವರ ಪೋರ್ಟಲ್‌ಗೆ ಹೋಗುತ್ತದೆ, ಫಾರ್ಮ್ 13ರಲ್ಲಿ ಹಳೆಯದೇ ಉಳಿಯುತ್ತದೆ. ಖಂಡಾಲಾ ಘಾಟ್ ಇಳಿದು ಗೇಟಿಗೆ ಬಂದಮೇಲೆ ಗೊತ್ತಾದರೆ ಕಟ್-ಆಫ್ (ಬಾಕ್ಸ್ ಒಳತರುವ ಕೊನೆಯ ಗಡುವು) ಹೋದಂತೆ.

ವಿಜಿಎಂ ಇನ್ನೊಂದು ಕತೆ. 2016ರ ಜುಲೈ 1ರಿಂದ ಸೋಲಾಸ್ (ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮ: ತೂಕ ದೃಢಪಡಿಸದ ಬಾಕ್ಸನ್ನು ಹಡಗಿಗೆ ಏರಿಸುವಂತಿಲ್ಲ. ಒಂದೋ ತುಂಬಿದ ಬಾಕ್ಸನ್ನೇ ತೂಗಬೇಕು, ಇಲ್ಲವೇ ಸರಕು, ಮರದ ಹಲಗೆ, ಪ್ಯಾಕಿಂಗ್ ಎಲ್ಲದರ ತೂಕ ಕೂಡಿ ಬಾಕ್ಸಿನ ಸ್ವಂತ ತೂಕ ಸೇರಿಸಬೇಕು. ಎರಡನೆಯ ವಿಧಾನದಲ್ಲಿ ಸ್ವಂತ ತೂಕ ಮರೆಯುವವರು ಬಹಳ. 40 ಅಡಿಯ ಬಾಕ್ಸಿಗೆ ಅದೇ 3.7 ಟನ್ನಿನ ಆಸುಪಾಸು. ಒಮ್ಮೆ ಲೈನಿಗೆ ಕೊಟ್ಟ ವಿಜಿಎಂ ಟರ್ಮಿನಲ್ಲಿಗೂ ಹೋಗಬೇಕು, ಫಾರ್ಮ್ 13ರಲ್ಲಿ ಮತ್ತೆ ಬರೆಯುವ ಅಗತ್ಯವೇ ಇರಬಾರದು. ಬರೆಸಿದಷ್ಟೂ ಎರಡು ತೂಕ ಹುಟ್ಟುತ್ತವೆ.

ಉರಣ್ ಯಾರ್ಡ್ ಪ್ಲಾನರ್:
ಎರಡು ತೂಕ ಬಂದಾಗ ನಾವು ಯಾವುದನ್ನು ನಂಬಬೇಕು ಎಂದು ಮೊದಲೇ ಬರೆದಿಟ್ಟಿರಬೇಕು, ಆಮೇಲೆ ಚರ್ಚಿಸುವುದಲ್ಲ. ಪ್ರತಿ ಮಾಹಿತಿಗೂ ಒಬ್ಬನೇ ಯಜಮಾನ. ತೂಕಕ್ಕೆ ಶಿಪ್ಪರ್ (ಸರಕು ಕಳಿಸುವವರು), ಡಿಒಗೆ ಲೈನ್, ಬಾಕ್ಸ್ ಯಾರ್ಡಿನಲ್ಲಿ ಎಲ್ಲಿದೆ ಎಂಬುದಕ್ಕೆ ಟರ್ಮಿನಲ್. ಉಳಿದವರು ಓದಬಹುದು, ತಿದ್ದುವಂತಿಲ್ಲ.

ರೀಫರ್ (ಶೀತಲ ಕಂಟೇನರ್) ವಿಷಯದಲ್ಲಿ ಇದು ಜೀವ ಹಿಂಡುತ್ತದೆ. ಬೇ ಪ್ಲಾನಿನಲ್ಲಿ (ಹಡಗಿನಲ್ಲಿ ಯಾವ ಬಾಕ್ಸ್ ಎಲ್ಲಿದೆ ಎಂಬ ಪಟ್ಟಿ) 45ಆರ್1 ಎಂಬ ರೀಫರ್ ಕೋಡ್ ಬಂದು ತಾಪಮಾನದ ಜಾಗ ಖಾಲಿಯಿದ್ದರೆ ಅದನ್ನು ಚಾಲೂ ಇಲ್ಲದ ರೀಫರ್ ಎಂದೇ ಓದುತ್ತೇವೆ, ಒಣ ಸರಕು ತುಂಬಿರುವ ಬಾಕ್ಸ್ ಅಂತ. ಪ್ಲಗ್ ಇಲ್ಲದ ಸಾಲಿಗೆ ಹೋಗುತ್ತದೆ. ಒಳಗೆ ಮೀನಿದ್ದರೆ ಮುಗಿಯಿತು. ಮೈನಸ್ 18ರ ಮೈನಸ್ ಉದುರಿಹೋದರೆ ಇನ್ನೂ ಕೆಟ್ಟದ್ದು, ಆಗ ಸಂಖ್ಯೆ ಇದ್ದೇ ಇರುತ್ತದೆ, ಸಿಸ್ಟಂ ಎಚ್ಚರಿಕೆಯನ್ನೂ ಕೊಡುವುದಿಲ್ಲ. ತಾಪಮಾನ ಖಾಲಿ ಬಂದರೆ "ಚಾಲೂ ಇಲ್ಲ" ಎಂಬ ಗುರುತು ಬೇರೆಯಾಗಿ ಇರಲೇಬೇಕು, ಎರಡೂ ಇಲ್ಲದ ಸಂದೇಶ ತಿರಸ್ಕೃತ ಎಂಬ ನಿಯಮ ಹಾಕಿದರೆ ಅರ್ಧ ಪೀಡೆ ಕಳೆಯುತ್ತದೆ.

ವಾಸ್ಕೋ ಏಜೆಂಟ್:
ಎಲ್ಲರೂ ಓದಬಹುದು ಎಂದು ಸಲೀಸಾಗಿ ಹೇಳಿಬಿಟ್ಟಿರಿ. ಯಾರ ಮನೆಯಲ್ಲಿ ಕೂತು ಓದುವುದು? ಮೇರ್ಸ್ಕ್ ಮತ್ತು ಐಬಿಎಂ ಸೇರಿ 2018ರಲ್ಲಿ ಟ್ರೇಡ್‌ಲೆನ್ಸ್ ಮಾಡಿದವು. ತಂತ್ರಜ್ಞಾನಕ್ಕೇನೂ ಕೊರತೆಯಿರಲಿಲ್ಲ. 2022ರ ನವೆಂಬರಿನಲ್ಲಿ ಮುಚ್ಚುತ್ತೇವೆ ಎಂದು ಘೋಷಿಸಿದರು, ಇಡೀ ಉದ್ಯಮದ ಪೂರ್ತಿ ಸಹಕಾರ ಸಿಗಲಿಲ್ಲ ಎಂಬುದೇ ಅವರು ಕೊಟ್ಟ ಕಾರಣ. ಪ್ರತಿಸ್ಪರ್ಧಿ ಲೈನು ಕಟ್ಟಿದ ವೇದಿಕೆಗೆ ತನ್ನ ಬುಕಿಂಗ್ ಮಾಹಿತಿ ಸುರಿಯಲು ಯಾವ ಲೈನಿಗೆ ತಾನೆ ಮನಸ್ಸು ಬಂದೀತು? ರೋಟರ್‌ಡ್ಯಾಂನ ಪೋರ್ಟ್‌ಬೇಸ್ ನೋಡಿ: 2002ರ ಪೋರ್ಟ್ ಇನ್ಫೋಲಿಂಕ್ ಮತ್ತು ಆಮ್‌ಸ್ಟರ್‌ಡ್ಯಾಂನ ವ್ಯವಸ್ಥೆ 2009ರಲ್ಲಿ ಒಂದಾದವು, ಹಿಂದೆ ನಿಂತದ್ದು ಬಂದರು ಪ್ರಾಧಿಕಾರಗಳು. ಅದು ಉಳಿದಿದೆ. ಇಲ್ಲಿಯೂ ಸರ್ಕಾರದ ಕೈಯಲ್ಲೇ ಇರಲಿ, ಖಾಸಗಿ ಲೈನಿನ ಕೈಗೆ ಬೇಡ.

ಪುಣೆ ಇಡಿಐ:
ಒಡೆತನ ಒಪ್ಪಿದೆ. ಆದರೆ ಸರ್ಕಾರದ್ದಾದ ಮಾತ್ರಕ್ಕೆ ಎಲ್ಲ ಮಾಹಿತಿಯನ್ನೂ ಒಂದೇ ಕಣಜಕ್ಕೆ ಸುರಿಯಬೇಕಿಲ್ಲ. ಮಾಹಿತಿ ಯಜಮಾನನ ಬಳಿಯೇ ಇರಲಿ, ಘಟನೆಗಳು ಮಾತ್ರ ಓಡಾಡಲಿ. 2022ರ ಸೆಪ್ಟೆಂಬರಿನಲ್ಲಿ ಬಂದ ಯುಲಿಪ್ ಎಂಬ ಸರ್ಕಾರಿ ಸಾಗಣೆ ಮಾಹಿತಿ ವೇದಿಕೆ ಎಪಿಐ (ಒಂದು ಸಿಸ್ಟಂ ಇನ್ನೊಂದನ್ನು ನೇರವಾಗಿ ಕೇಳುವ ದಾರಿ) ಮೂಲಕ ಬೇರೆಬೇರೆ ಇಲಾಖೆಗಳ ಮಾಹಿತಿ ಕೊಡುವುದು ಈ ಜಾಡಿನಲ್ಲೇ.

ಘಟನೆ ಎಂದಾಗ ಸಮಯದ ಬಗ್ಗೆ ಒಂದು ಮಾತು. ಎಡಿಫ್ಯಾಕ್ಟ್‌ನಲ್ಲಿ 203 ಎಂಬ ನಮೂನೆಯಲ್ಲಿ ವರ್ಷ, ತಿಂಗಳು, ದಿನ, ಗಂಟೆ, ನಿಮಿಷ ಇರುತ್ತದೆ, ಯಾವ ದೇಶದ ಗಂಟೆ ಎಂದು ಇರುವುದಿಲ್ಲ. ಒಬ್ಬರು ನಮ್ಮ ಸಮಯ ಕಳಿಸುತ್ತಾರೆ, ಇನ್ನೊಬ್ಬರ ಸರ್ವರ್ ಅದನ್ನು ಯುಟಿಸಿ (ವಿಶ್ವ ಸಮಯ) ಎಂದು ತಿಳಿದು ಐದೂವರೆ ಗಂಟೆ ಕೂಡಿಸುತ್ತದೆ. ಹಡಗು ಸಂಜೆ 7ಕ್ಕೆ ಬರುವುದು ಮರುದಿನ ನಸುಕಿನ 12:30 ಆಗುತ್ತದೆ. ತಾರೀಖೇ ಬದಲು.

ವಾಶಿ ಬ್ರೋಕರ್:
ಈ ತಾರೀಖು ನಮಗೆ ದುಡ್ಡಿನ ಮಾತು. ಕಸ್ಟಮ್ಸ್ ಕಾಯ್ದೆಯ 2021ರ ತಿದ್ದುಪಡಿಯ ನಂತರ ಹಡಗು ಬರುವ ಹಿಂದಿನ ದಿನ ಮುಗಿಯುವುದರೊಳಗೆ ಬಿಲ್ ಆಫ್ ಎಂಟ್ರಿ ಹಾಕಬೇಕು, ರಜೆಯ ದಿನವೂ ಲೆಕ್ಕಕ್ಕೆ ಬರುತ್ತದೆ. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000. ಪರದೆಯಲ್ಲಿ 12:30 ನೋಡಿ ಇನ್ನೊಂದು ದಿನ ಇದೆ ಎಂದು ಕೂತವನ ಗತಿ ಊಹಿಸಿ. ಮುಂಚಿತವಾಗಿ 30 ದಿನದವರೆಗೂ ಹಾಕಬಹುದು ನಿಜ, ಆದರೆ ದಾಖಲೆ ಕೈಗೆ ಬರಬೇಕಲ್ಲ. ಸರಿ, ನಾಲ್ಕು ಸಾಲಿನ ಪರದೆಗೆ ನನ್ನ ಒಪ್ಪಿಗೆ ಇದೆ. ಆದರೆ ಎಲ್ಲರ ಘಟನೆಗಳೂ ಓಡಾಡುವ ಜಾಲ ಬಿದ್ದುಹೋದರೆ? 2017ರ ಜೂನಿನಲ್ಲಿ ನಾಟ್‌ಪೆಟ್ಯಾ ಎಂಬ ಕಂಪ್ಯೂಟರ್ ಮಾಲ್‌ವೇರ್ ಬಂದಾಗ ಇಲ್ಲಿನ ಜಿಟಿಐ ಟರ್ಮಿನಲ್ ಸ್ಥಗಿತವಾಗಿ ಗಾಡಿಗಳ ಸಾಲು ನಿಂತದ್ದು ಎಲ್ಲರಿಗೂ ಗೊತ್ತು.

ಕಳಂಬೋಲಿ ಟ್ರೇಲರ್:
ಜೊತೆಗೆ ಕಳ್ಳತನದ್ದೂ ಹೇಳ್ರೀ. ಪಿನ್ ನಂಬರ್ ಹೇಳಿದ್ರ ಡಬ್ಬಿ ಕೊಡ್ತಾರ ಅಂದ್ರ, ಪಿನ್ ಯಾರ್ ಯಾರ ಫೋನಿನಾಗ ಅದ ಅಂತ ಯಾರಿಗ್ ಗೊತ್ತು?

ವಾಸ್ಕೋ ಏಜೆಂಟ್:
ಆಂಟ್‌ವರ್ಪ್‌ನಲ್ಲಿ ಆಗಿದ್ದು ಅದೇ. ಮಾದಕವಸ್ತು ಸಾಗಿಸುವವರು 2011ರಿಂದ 2013ರವರೆಗೆ ಕಂಪ್ಯೂಟರುಗಳಿಗೆ ನುಗ್ಗಿ ಪಿನ್ ಕದ್ದು, ನಿಜವಾದ ಮಾಲೀಕನಿಗಿಂತ ಮೊದಲೇ ಗಾಡಿ ಕಳಿಸಿ ಬಾಕ್ಸ್ ಎತ್ತಿಸುತ್ತಿದ್ದರು. ಈಗ ಅಲ್ಲಿಯೂ ರೋಟರ್‌ಡ್ಯಾಂನಲ್ಲಿಯೂ ಪಿನ್ ಬದಲು ಹಕ್ಕನ್ನು ಹಸ್ತಾಂತರ ಮಾಡುವ ಪದ್ಧತಿ: ಲೈನ್ ಫಾರ್ವರ್ಡರ್‌ಗೆ (ಸಾಗಣೆ ಏರ್ಪಾಡು ಮಾಡುವ ಏಜೆಂಟ್), ಫಾರ್ವರ್ಡರ್ ಟ್ರಾನ್ಸ್‌ಪೋರ್ಟರ್‌ಗೆ. ನಡುವೆ ಯಾರಾದರೂ ಹಿಂಪಡೆದರೆ ಮುಂದಿನವರದ್ದೂ ರದ್ದು. ಪ್ಲಾನರ್ ಹೇಳಿದ ನಾಲ್ಕನೆಯ ಅನುಮತಿಯನ್ನು ಹೀಗೆ ಕಟ್ಟಬೇಕು.

ಪುಣೆ ಇಡಿಐ:
ಜಾಲ ಬಿದ್ದರೆ ಎಂಬುದಕ್ಕೆ: ಗೇಟಿನ ಕಂಪ್ಯೂಟರಿನಲ್ಲಿಯೇ ಬಿಡುಗಡೆ ಪಟ್ಟಿಯ ಪ್ರತಿ ಇರಬೇಕು, ಕೆಲವು ನಿಮಿಷಕ್ಕೊಮ್ಮೆ ಹೊಸತಾಗುತ್ತ. ಸಂಪರ್ಕ ಕಡಿದರೆ ಅವಧಿ ಬಾಕಿಯಿರುವ ಬಾಕ್ಸುಗಳನ್ನು ಆ ಪ್ರತಿಯ ಮೇಲೆ ಬಿಡಬಹುದು. ಕಸ್ಟಮ್ಸ್ ತಡೆಹಿಡಿದದ್ದು, ಅಪಾಯಕಾರಿ ಸರಕು, ಇವೆರಡನ್ನು ಮಾತ್ರ ಬಿಡಬಾರದು. ಹೊಸ ಡಿಒ ಇಮೇಲ್‌ನಲ್ಲಿ ಬಂದಿದೆ ಎಂದು ತೋರಿಸಿದರೂ ಇಲ್ಲ, ಅದು ಪಿನ್ ಕತೆಯೇ. ಈ ಪ್ರತಿ ಇರುವ ಯಂತ್ರ ಆಫೀಸಿನ ನೆಟ್‌ವರ್ಕಿನಿಂದ ಬೇರೆಯಾಗಿರಬೇಕು. ಒಂದೇ ನೆಟ್‌ವರ್ಕಿನಲ್ಲಿಟ್ಟರೆ ನಾಟ್‌ಪೆಟ್ಯಾದಂಥದ್ದು ಅದನ್ನೂ ನುಂಗುತ್ತದೆ.

ಉರಣ್ ಯಾರ್ಡ್ ಪ್ಲಾನರ್:
ಮತ್ತೆ ಸಂಪರ್ಕ ಬಂದಾಗ ಕ್ರಮ ಮುಖ್ಯ. ಮೊದಲು ಗೇಟ್ ಔಟ್ ಆದದ್ದನ್ನೆಲ್ಲ ಏರಿಸಬೇಕು, ಆಮೇಲೆ ಹೊಸ ಬಿಡುಗಡೆಗಳನ್ನು ಒಳಬಿಡಬೇಕು. ತಿರುಗುಮುರುಗಾದರೆ ಹೊರಗೆ ಹೋದ ಬಾಕ್ಸಿಗೇ ಇನ್ನೊಂದು ಗಾಡಿ ನೋಂದಾಯಿತವಾಗುತ್ತದೆ. ಏರಿಸುವಾಗ ಬಾಕ್ಸ್ ನಿಜಕ್ಕೂ ಗೇಟ್ ದಾಟಿದ ಹೊತ್ತನ್ನೇ ಕೊಡೆಕೊ ಎಂಬ ಗೇಟ್ ಸಂದೇಶದಲ್ಲಿ ಹಾಕಿ, ಕಳಿಸಿದ ಹೊತ್ತನ್ನಲ್ಲ. ಟರ್ಮಿನಲ್ ಬಾಡಿಗೆಯೂ ಫ್ರೀ ಡೇಸ್ (ಶುಲ್ಕವಿಲ್ಲದ ದಿನಗಳು) ಲೆಕ್ಕವೂ ಆ ಒಂದು ಅಂಕಣದ ಮೇಲೆಯೇ ನಡೆಯುತ್ತವೆ. ಎರಡು ದಿನ ಹಿಂದೆ ಹೊರಗೆ ಹೋದದ್ದು ಇವತ್ತು ಹೋಯಿತು ಎಂದು ದಾಖಲಾದರೆ ಬಿಲ್ ವಾಶಿ ಸಾರ್ ಟೇಬಲ್ಲಿಗೇ ಬರುತ್ತದೆ.