ಇಕಾಮಾ (ವಾಸದ ಪರವಾನಗಿ) ಮುಗಿದಿದೆ, ನಾಲ್ಕು ತಿಂಗಳ ಸಂಬಳ ಬಾಕಿ. ಬೇರೆ ಕಂಪನಿಗೆ ಹೋಗಬಹುದಾ?

ಜುಬೈಲ್_ಎಸಿ ಕೇಳಿದ್ದು:

ಗೊತ್ತಿದ್ದವರು ಸ್ವಲ್ಪ ದಾರಿ ಹೇಳಿ. ನಾನು ಬೆಳ್ತಂಗಡಿ ಕಡೆಯವ. ಸೌದಿಯ ಜುಬೈಲಿನಲ್ಲಿ ಒಂದು ಮ್ಯಾನ್‌ಪವರ್ ಸಪ್ಲೈ ಕಂಪನಿಯಲ್ಲಿ ಎಸಿ ಟೆಕ್ನಿಷಿಯನ್. ಬಂದು ಮೂರು ವರ್ಷ ಆಯ್ತು. ಸಂಬಳ ಎಲ್ಲ ಸೇರಿ 1,800 ರಿಯಾಲ್. ಮೊದಲೆಲ್ಲ ಸರಿಯಾಗಿಯೇ ಬರ್ತಿತ್ತು. ಒಂದು ದೊಡ್ಡ ಪ್ಲಾಂಟಿನ ಶಟ್‌ಡೌನ್ ಕೆಲಸ ಕಂಪನಿಯ ಕೈತಪ್ಪಿದ ಮೇಲೆ ಎಲ್ಲ ಹಾಳಾಯ್ತು. ಈಗ ನಾಲ್ಕು ತಿಂಗಳಿಂದ ಒಂದು ರಿಯಾಲ್ ಬಂದಿಲ್ಲ. ಕೇಳಿದ್ರೆ "ಇನ್ಶಾ ಅಲ್ಲಾಹ್, ಬರುವ ವಾರ".

ಅದರ ಮೇಲೆ ಇಕಾಮಾ ಮುಗಿದು ಎರಡು ತಿಂಗಳಾಗ್ತಾ ಬಂತು. ಬ್ಯಾಂಕ್ ಅಕೌಂಟ್ ಫ್ರೀಜ್ ಆಗಿದೆ. ಇನ್ಶೂರೆನ್ಸ್ ಇಲ್ಲ, ಹಲ್ಲುನೋವು ಅಂತ ಕ್ಲಿನಿಕ್ಕಿಗೆ ಹೋದ್ರೆ ಕೌಂಟರಿನವ ಇಕಾಮಾ ನಂಬರ್ ಒತ್ತಿ ನೋಡಿ ಕಾರ್ಡ್ ವಾಪಸ್ ಕೊಟ್ಟ. ಚೆಕಿಂಗ್ ಹೆದರಿಕೆಗೆ ಶುಕ್ರವಾರ ಪೇಟೆಗೆ ಹೋಗುದನ್ನೂ ಬಿಟ್ಟಿದ್ದೇನೆ. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿ ಉಂಟು. ತಂಗಿಯ ಮದುವೆಗೆ ರಜೆ ಕೇಳಿದ್ದೆ, ಇಕಾಮಾ ಇಲ್ಲದೆ ಎಕ್ಸಿಟ್ ರೀಎಂಟ್ರಿ (ಊರಿಗೆ ಹೋಗಿ ವಾಪಸ್ ಬರುವ ವೀಸಾ) ಹೊಡೆಯಲಿಕ್ಕೆ ಆಗುದಿಲ್ಲ ಅಂದ್ರು.

ಖೋಬಾರಿನಲ್ಲಿ ಒಂದು ಮೈಂಟೆನೆನ್ಸ್ ಕಂಪನಿಯವರು ನನ್ನನ್ನು ತಗೊಳ್ಳಲಿಕ್ಕೆ ರೆಡಿ ಇದ್ದಾರೆ, 2,300 ಕೊಡ್ತಾರಂತೆ. "ನಾಳೆಯಿಂದಲೇ ಬಾ, ಪೇಪರ್ ಆಮೇಲೆ ಮಾಡುವ" ಅಂತ ಹೇಳ್ತಾರೆ. ಇಲ್ಲಿ ಕ್ಯಾಂಪ್ ಬಾಸ್ ಮಾತ್ರ, "ಮಕ್ತಬ್ ಅಮಲಿಗೆ (ಲೇಬರ್ ಆಫೀಸಿಗೆ) ಹೋದವನಿಗೆ ಹುರೂಬ್ (ಓಡಿಹೋದವ ಅನ್ನುವ ರಿಪೋರ್ಟ್) ಹಾಕ್ತೇವೆ" ಅಂತ ಎಲ್ಲರ ಎದುರೇ ಹೆದರಿಸಿದ್ದಾನೆ.

ಕಫೀಲ್ (ಇಕಾಮಾ ಮಾಡಿಸಿದ ಮಾಲೀಕ) ರಿಲೀಸ್, ಅಂದ್ರೆ ಬಿಡುವ ಒಪ್ಪಿಗೆ, ಕೊಡದಿದ್ರೂ ಟ್ರಾನ್ಸ್‌ಫರ್ ಆಗ್ತದಾ? ಖೋಬಾರಿನಲ್ಲಿ ಈಗಲೇ ಕೆಲಸಕ್ಕೆ ಸೇರಿದ್ರೆ ಏನಾಗ್ತದೆ?

ದಮ್ಮಾಮ್_ಕಿಂಗ್:

ಬ್ರೋ ಅಷ್ಟೆಲ್ಲ ಯೋಚನೆ ಮಾಡಿದ್ರೆ ಇಲ್ಲಿ ದುಡಿಯಲಿಕ್ಕೆ ಆಗುದಿಲ್ಲ. ರಾತ್ರಿ ಬ್ಯಾಗ್ ಕಟ್ಟಿ ಖೋಬಾರಿಗೆ ಹೋಗಿ ಸೇರಿಕೊಳ್ಳಿ. ಅರ್ಧ ಜನ ಇಲ್ಲಿ ಹಾಗೆಯೇ ಇದ್ದಾರೆ. ನಾಲ್ಕು ತಿಂಗಳ ಸಂಬಳದ ಆಸೆ ಬಿಟ್ಟುಬಿಡಿ.

ಖೋಬಾರ್_ಪಿಆರ್‌ಒ:

ಮೇಲಿನವರ ಮಾತು ಕೇಳಬೇಡಿ ಮಾರಾಯ್ರೆ. ರಾತ್ರಿ ಬ್ಯಾಗ್ ಕಟ್ಟಿದವರನ್ನು ತರ್ಹೀಲಿನಿಂದ (ಗಡೀಪಾರು ಜೈಲಿನಿಂದ) ಬಿಡಿಸಲಿಕ್ಕೆ ಓಡಾಡುದು ನನ್ನಂಥವರು. ನಾನು ಇಲ್ಲಿ ಕಂಪನಿಗಳ ಸರ್ಕಾರಿ ಕೆಲಸ ನೋಡಿಕೊಳ್ಳುವವ. ಜವಾಝಾತ್ (ಪಾಸ್‌ಪೋರ್ಟ್, ಇಕಾಮಾ ಇಲಾಖೆ), ಮಕ್ತಬ್ ಅಮಲ್. ಮಕ್ತಬ್ ಅಮಲಿನ ಹೆಚ್ಚಿನ ಕೆಲಸ ಈಗ ಕಿವಾ ಅನ್ನುವ ಸರ್ಕಾರಿ ಪೋರ್ಟಲಿನಲ್ಲಿ. ಅಂದ್ರೆ ನಿಮ್ಮ ಕಂಪನಿಯವರು ಯಾವ ಮೇಜಿನಲ್ಲಿ ಕೂತು ಏನು ಒತ್ತುತ್ತಾರೆ ಅಂತ ನನಗೆ ಗೊತ್ತುಂಟು.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಆಗ್ತದೆ. 2021ರ ಮಾರ್ಚ್ 14ರಿಂದ ಇಲ್ಲಿಯ ಕಾನೂನು ಬದಲಾಗಿದೆ. ಸಾಮಾನ್ಯವಾಗಿ ಒಂದು ವರ್ಷ ಕೆಲಸ ಮಾಡಿದವ ನೋಟಿಸ್ ಕೊಟ್ಟು ಕಫೀಲನ ಒಪ್ಪಿಗೆ ಇಲ್ಲದೆ ಬೇರೆ ಕಂಪನಿಗೆ ಹೋಗಬಹುದು. ಅದರ ಹೊರತಾಗಿ, ನೋಟಿಸೂ ಬೇಡ ಒಪ್ಪಿಗೆಯೂ ಬೇಡ ಅನ್ನುವ ಕೆಲವು ಸಂದರ್ಭ ಉಂಟು. ಇಕಾಮಾ ಅಥವಾ ವರ್ಕ್ ಪರ್ಮಿಟ್ ಮುಗಿದಿರುವುದು ಅದರಲ್ಲಿ ಒಂದು, ಸತತ ಮೂರು ತಿಂಗಳು ಸಂಬಳ ಕೊಡದಿರುವುದು ಇನ್ನೊಂದು. ನಿಮಗೆ ಎರಡೂ ಇದೆ. ಇದಕ್ಕಿಂತ ಗಟ್ಟಿ ಕೇಸ್ ಬೇಕಾದ್ರೆ ನಿಮ್ಮ ಕಫೀಲ್ ಜೈಲಿಗೇ ಹೋಗಬೇಕು (ತಮಾಷೆಯಲ್ಲ, ಅದೂ ಆ ಪಟ್ಟಿಯಲ್ಲಿ ಉಂಟು).

ಈಗ ಎರಡನೆಯದು. ಖೋಬಾರಿಗೆ ನಾಳೆ ಹೋಗಬೇಡಿ. ಲೇಬರ್ ಲಾದ 39ನೇ ಕಲಮು ಹೇಳುದು ಇಷ್ಟೇ, ಯಾರ ಹೆಸರಿನಲ್ಲಿ ಇಕಾಮಾ ಉಂಟೋ ಅವರ ಹತ್ತಿರ ಮಾತ್ರ ದುಡಿಯಬೇಕು. ಇವತ್ತು ಸಂಬಳ ಕೊಡದ ತಪ್ಪು, ಇಕಾಮಾ ರಿನ್ಯೂ ಮಾಡದ ತಪ್ಪು ಎರಡೂ ಕಂಪನಿಯದ್ದು. ರಿನ್ಯೂವಲ್ ಖರ್ಚು, ತಡವಾದ್ದಕ್ಕೆ ದಂಡ ಎಲ್ಲ ಅವರೇ ಕಟ್ಟಬೇಕು, 40ನೇ ಕಲಮು. ನಾಳೆ ನೀವು ಇನ್ನೊಬ್ಬನ ಸೈಟಿನಲ್ಲಿ ಏಣಿ ಹತ್ತಿ ನಿಂತ ಫೋಟೋ ಸಿಕ್ಕಿತು ಅಂದ್ರೆ ತಪ್ಪು ನಿಮ್ಮ ತಲೆಗೆ ಬಂತು, ಅವರು ಆರಾಮ. ನಮ್ಮೂರಿನವರು "ಫ್ರೀ ವೀಸಾ" ಅಂತ ಲಕ್ಷ ಲಕ್ಷ ಕೊಟ್ಟು ಬಂದು, ಒಬ್ಬನ ಹೆಸರಿನಲ್ಲಿ ಇಕಾಮಾ ಮಾಡಿಸಿ ಹತ್ತು ಕಡೆ ದುಡಿದದ್ದು ಇದೇ ಕಲಮಿಗೆ ವಿರುದ್ಧ. 2013ರಲ್ಲಿ ನಿತಾಕತ್ (ಸೌದಿಯವರಿಗೆ ಕೆಲಸ ಮೀಸಲಿಡುವ ನಿಯಮ) ಅಂತ ಬಿಗಿ ಮಾಡಿದಾಗ ಅವರೆಲ್ಲ ಪೇಪರ್ ಸರಿ ಮಾಡಿಸಲಿಕ್ಕೆ ಸಾಲು ನಿಂತದ್ದು ನೋಡಿದವರಿಗೆ ಗೊತ್ತು. ಫ್ರೀ ವೀಸಾ ಅಂತ ಒಂದು ವೀಸಾ ಸೌದಿಯಲ್ಲಿ ಇಲ್ಲ. ಊರಿನ ಏಜೆಂಟನ ಬಾಯಲ್ಲಿ ಮಾತ್ರ ಉಂಟು.

ಹುರೂಬ್ ವಿಷಯ. ಕ್ಯಾಂಪ್ ಬಾಸ್ ಹೇಳಿದ ಕೂಡಲೇ ನೀವು ಓಡಿಹೋದವ ಆಗುದಿಲ್ಲ. 2022ರ ಕೊನೆಗೆ ಪದ್ಧತಿ ಬದಲಾಗಿದೆ. ಕಂಪನಿ "ಕೆಲಸಕ್ಕೆ ಬರುತ್ತಿಲ್ಲ" ಅಂತ ರಿಪೋರ್ಟ್ ಹಾಕಿದ್ರೆ, ಬೇರೆ ಕಂಪನಿಗೆ ಹೋಗಲಿಕ್ಕೆ ಅಥವಾ ಫೈನಲ್ ಎಕ್ಸಿಟ್ ಮೇಲೆ ಊರಿಗೆ ಹೋಗಲಿಕ್ಕೆ 60 ದಿನ ಟೈಮ್ ಸಿಗ್ತದೆ. ಅದು ಕಳೆದ ಮೇಲೆ ಮಾತ್ರ ಹುರೂಬ್ ಗಟ್ಟಿಯಾಗುದು. ಹಾಗಂತ ಸಸಾರ ಮಾಡಬೇಡಿ. ನಿಮ್ಮ ದೂರು ಅವರ ರಿಪೋರ್ಟಿಗಿಂತ ಮೊದಲು ಸಿಸ್ಟಮಿನಲ್ಲಿ ಇರಬೇಕು. ದೂರು ಕೊಟ್ಟ ಮೇಲೆ ಅವರು ರಿಪೋರ್ಟ್ ಹಾಕಿದ್ರೆ ನೋಡುವವರಿಗೆ ತಾರೀಕಿನಲ್ಲೇ ಅರ್ಥ ಆಗ್ತದೆ, ಇದು ಸೇಡಿಗೆ ಹಾಕಿದ್ದು ಅಂತ. ನೀವು ಮೊದಲು ಕ್ಯಾಂಪ್ ಬಿಟ್ಟು, ಅವರು ರಿಪೋರ್ಟ್ ಹಾಕಿ, ಆಮೇಲೆ ನೀವು ದೂರು ಕೊಟ್ರೆ ಕಥೆ ಉಲ್ಟಾ ಓದ್ತದೆ.

ಹಾಗಾಗಿ ಇವತ್ತು ರಾತ್ರಿಯೇ ಫೋನ್ ಹಿಡಿದು ಕೂತುಕೊಳ್ಳಿ. ಇಕಾಮಾ ಮುಗಿದವರ ಸಿಮ್ ಕೂಡ ಬಂದ್ ಆಗ್ತದೆ. ಸಿಮ್ ಹೋದ್ರೆ ಒಟಿಪಿ ಬರುದಿಲ್ಲ, ಒಟಿಪಿ ಇಲ್ಲದಿದ್ರೆ ನಫಾತ್ (ಸರ್ಕಾರಿ ಸೈಟುಗಳಿಗೆ ಲಾಗಿನ್ ಆಗುವ ಆಪ್) ಇಲ್ಲ, ಅಬ್ಶಿರ್ (ಇಕಾಮಾ ವಿವರ ಇರುವ ಸರ್ಕಾರಿ ಆಪ್) ಇಲ್ಲ, ಕಿವಾ ಇಲ್ಲ. ಆಮೇಲೆ ನೀವು ಬಾಗಿಲಿನ ಹೊರಗೆ. ಅಬ್ಶಿರಿನಲ್ಲಿ ಇಕಾಮಾ ಮುಗಿದ ತಾರೀಕಿನ ಪುಟ ಸ್ಕ್ರೀನ್‌ಶಾಟ್ ತೆಗೆಯಿರಿ. ಕಿವಾದಲ್ಲಿ ನಿಮ್ಮ ಕಾಂಟ್ರಾಕ್ಟ್ ತೆಗೆದು ಪಿಡಿಎಫ್ ಇಳಿಸಿ, ಊರಿಗೊಂದು ವಾಟ್ಸಾಪ್ ಮಾಡಿ ಇಡಿ. ಅಕೌಂಟ್ ಫ್ರೀಜ್ ಆದ್ರೂ ಬ್ಯಾಂಕಿನಿಂದ ಹಿಂದಿನ ಸ್ಟೇಟ್‌ಮೆಂಟ್ ತೆಗೆಸಲಿಕ್ಕೆ ನೋಡಿ, ಸಂಬಳ ಯಾವ ತಿಂಗಳಿಗೆ ನಿಂತಿತು ಅಂತ ಅದರಲ್ಲಿ ಸ್ಪಷ್ಟ ಕಾಣ್ತದೆ. ಕಂಪನಿಗಳು ಸಂಬಳದ ಫೈಲನ್ನು ಸರ್ಕಾರದ ಪೋರ್ಟಲ್ ಮುದದ್‌ನಲ್ಲಿ ಪ್ರತಿ ತಿಂಗಳು ಹಾಕಬೇಕು, ಹಾಗಾಗಿ "ಕ್ಯಾಶ್ ಕೊಟ್ಟಿದ್ದೇವೆ" ಅಂತ ಅವರು ಸುಳ್ಳು ಹೇಳುದು ಅಷ್ಟು ಸುಲಭ ಅಲ್ಲ.

ಆಮೇಲೆ ಮಿನಿಸ್ಟ್ರಿಯ ಸೈಟಿನಲ್ಲಿ "ವುದ್ದಿ", ಅಂದ್ರೆ ರಾಜಿ ಪಂಚಾತಿಕೆಯ ದೂರು ಹಾಕಿ. ಭಾಷೆ ತೊಂದರೆಯಾದ್ರೆ 19911ಕ್ಕೆ ಫೋನ್ ಮಾಡಿ. 21 ಕೆಲಸದ ದಿನದೊಳಗೆ ರಾಜಿ ಆಗದಿದ್ರೆ ಕೇಸ್ ಲೇಬರ್ ಕೋರ್ಟಿಗೆ ಹೋಗ್ತದೆ. ದೂರಿನ ನಂಬರ್ ಕೈಗೆ ಬಂದ ಮೇಲೆ ಖೋಬಾರಿನವರಿಗೆ ಹೇಳಿ, ಕಿವಾದಲ್ಲಿ ನನಗೆ ಟ್ರಾನ್ಸ್‌ಫರ್ ರಿಕ್ವೆಸ್ಟ್ ಕಳಿಸಿ ಅಂತ. ನಿಮ್ಮ ಅಕೌಂಟಿಗೆ ಬರ್ತದೆ, ನೀವು ಒಪ್ಪಿಗೆ ಒತ್ತಬೇಕು. ಒತ್ತುವ ಮೊದಲು ಅದರಲ್ಲಿ 2,300 ಅಂತ ಬರೆದಿದ್ದಾರಾ ಓದಿ. ಬಾಯಲ್ಲಿ 2,300 ಹೇಳಿ ಕಾಂಟ್ರಾಕ್ಟಿನಲ್ಲಿ 1,500 ಹಾಕುವವರು ಬೇಕಾದಷ್ಟು ಇದ್ದಾರೆ.

ಟ್ರಾನ್ಸ್‌ಫರ್ ಫೀ ಮೊದಲ ಸಲಕ್ಕೆ 2,000 ರಿಯಾಲ್, ಎರಡನೇ ಸಲಕ್ಕೆ 4,000, ಆಮೇಲೆ 6,000. ಅದು ಹೊಸ ಕಂಪನಿಯ ತಲೆಬೇನೆ. ನಿಮ್ಮ ಹತ್ತಿರ ಕೇಳಿದ್ರೆ ಆ ಕಂಪನಿಯೂ ಹೀಗೆಯೇ ಅಂತ ತಿಳಿದುಕೊಳ್ಳಿ. "ಪೇಪರ್ ಆಮೇಲೆ" ಅಂದವರ ಮೇಲೆ ನನಗೆ ಈಗಲೇ ಸ್ವಲ್ಪ ಸಂಶಯ ಉಂಟು.

ದೂರು ಹಾಕಿ, ಟ್ರಾನ್ಸ್‌ಫರ್ ಆಗುವವರೆಗೆ ಕ್ಯಾಂಪಿನಲ್ಲೇ ಇರಿ. ಸೈಟಿಗೆ ಕರೆದ್ರೆ ಹೋಗಿ, ಹಾಜರಿ ಹಾಕಿಸಿ. ಬಸ್ಸೇ ಬರದಿದ್ರೆ ಸೂಪರ್‌ವೈಸರಿಗೆ ಬೆಳಿಗ್ಗೆ ಮೆಸೇಜ್ ಹಾಕಿ: "ನಾನು ರೆಡಿ ಇದ್ದೇನೆ, ಗಾಡಿ ಬಂದಿಲ್ಲ." ದಿನಾ ಹಾಕಿ. ಅವನಿಗೆ ತಲೆ ಕೆಡ್ತದೆ, ಕೆಡಲಿ.

ತಾಯಿಫ್_ಡ್ರೈವರ್:

ಪಿಆರ್‌ಒ ಅಣ್ಣ, ನಾನು ಒಂದು ಮನೆಯಲ್ಲಿ ಹೌಸ್ ಡ್ರೈವರ್. ನನಗೂ ಸಂಬಳ ಎರಡು ತಿಂಗಳಿಂದ ಇಲ್ಲ. ಈ ಕಿವಾ, ಒಪ್ಪಿಗೆ ಬೇಡ ಅನ್ನುದೆಲ್ಲ ನನಗೂ ಆಗ್ತದಾ?

ಖೋಬಾರ್_ಪಿಆರ್‌ಒ:

ಇಲ್ಲ ತಮ್ಮಾ, ಮೇಲೆ ಹೇಳಿದ ನಿಯಮ ನಿಮಗೆ ಬರುದಿಲ್ಲ. ಮನೆ ಡ್ರೈವರ್, ಮನೆಕೆಲಸದವರು, ತೋಟದವರು, ಕುರಿ ಕಾಯುವವರು, ಇವರೆಲ್ಲ ಲೇಬರ್ ಲಾದ ಹೊರಗೆ. 2021ರ ಸುಧಾರಣೆಯೂ ಅವರನ್ನು ಮುಟ್ಟಿಲ್ಲ. ಯಾರ ದನಿ ಸಣ್ಣದೋ ಅವರನ್ನೇ ಬಿಟ್ಟಿದ್ದಾರೆ, ಹೇಳಿ ಏನು ಪ್ರಯೋಜನ. ನಿಮ್ಮ ನಿಯಮ ಬೇರೆ, ನಿಮ್ಮ ಕಾಂಟ್ರಾಕ್ಟ್ ಇರುದು ಮನೆಕೆಲಸದವರ ಪೋರ್ಟಲ್ ಮುಸಾನೆದ್‌ನಲ್ಲಿ. ಮೇಲೆ ಬರೆದದ್ದನ್ನು ಓದಿ ನೀವು ಹೊರಟುಬಿಡಬೇಡಿ. ನಿಮ್ಮದು ಬೇರೆ ಥ್ರೆಡ್ ಹಾಕಿ, ಇಲ್ಲಿ ಸೇರಿಸಿದ್ರೆ ಇಬ್ಬರಿಗೂ ಗೊಂದಲ. ಜಿದ್ದಾದ ಭಾರತೀಯ ಕಾನ್ಸುಲೇಟ್ ನಿಮಗೆ ಹತ್ತಿರ, ಒಮ್ಮೆ ಫೋನ್ ಮಾಡಿ ನಿಮ್ಮ ಹೆಸರು, ಇಕಾಮಾ ನಂಬರ್ ಬರೆಸಿ ಇಡಿ.

ಉಡುಪಿ_ಸಿಸ್ಟರ್_ರಿಯಾದ್:

ನಾನು ರಿಯಾದಿನಲ್ಲಿ ನರ್ಸ್. ನಮ್ಮ ರೂಮಿನವಳ ತಮ್ಮನಿಗೂ ಇದೇ ತರ ಆಗಿತ್ತು, ಹಾಗಾಗಿ ಬರೆಯುದು. ಪಾಸ್‌ಪೋರ್ಟ್ ಕಂಪನಿಯವರು ಇಟ್ಟುಕೊಳ್ಳುದು ಇಲ್ಲಿಯ ಕಾನೂನಿಗೇ ವಿರುದ್ಧ. ದೂರಿನಲ್ಲಿ ಸಂಬಳದ ಜೊತೆಗೆ ಅದನ್ನೂ ಬರೆಯಿರಿ. ನಮ್ಮ ಸರ್ಕಾರದ ಮದದ್ ಪೋರ್ಟಲ್ ಉಂಟಲ್ಲ, ಅದರಲ್ಲೂ ಒಂದು ಹಾಕಿಬಿಡಿ. ಊರಿನಿಂದ ಮನೆಯವರೂ ಹಾಕಬಹುದು. ರಾಯಭಾರ ಕಚೇರಿಯವರು ನಿಮ್ಮ ಈಸ್ಟರ್ನ್ ಪ್ರಾವಿನ್ಸ್‌ಗೆ ಆಗಾಗ ಟೂರ್ ಬರ್ತಾರೆ, ತಾರೀಕು ಅವರ ಸೈಟಿನಲ್ಲಿ ಹಾಕ್ತಾರೆ. ರಿಯಾದಿಗೆ ಬರಬೇಡಿ ಮಾತ್ರ, ಇಕಾಮಾ ಇಲ್ಲದೆ ಅಷ್ಟು ದೂರ ಹೈವೇಯಲ್ಲಿ ಬರುದು ಅಂದ್ರೆ ಚೆಕ್‌ಪೋಸ್ಟ್ ಉಂಟು.

ತೀರಾ ಕಷ್ಟ ಆದ್ರೆ ರಾಯಭಾರ ಕಚೇರಿಯಲ್ಲಿ ಭಾರತೀಯರ ಕ್ಷೇಮನಿಧಿ ಇರ್ತದೆ. ಟಿಕೆಟಿಗೆ, ವಕೀಲರ ಖರ್ಚಿಗೆ ಅದರಿಂದ ಸಹಾಯ ಮಾಡ್ತಾರೆ. ಕೇಳಲಿಕ್ಕೆ ನಾಚಿಕೆ ಬೇಡ. ತಂಗಿ ಮದುವೆಗೆ ಮುಟ್ಟುದು ಮಾತ್ರ ಕಷ್ಟವೇ ಅನ್ನಿಸ್ತದೆ. ಮನೆಯವರಿಗೆ ಈಗಲೇ ಹೇಳಿಬಿಡಿ, ಕೊನೆ ಗಳಿಗೆಗೆ ಇಡಬೇಡಿ.

ಜುಬೈಲ್_ಎಸಿ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ನಿನ್ನೆ ರಾತ್ರಿಯೇ ನಫಾತ್‌ನಲ್ಲಿ ಹೊಕ್ಕೆ, ಸಿಮ್ ಇನ್ನೂ ನಡೀತಾ ಉಂಟು. ಕಿವಾದಲ್ಲಿ ಕಾಂಟ್ರಾಕ್ಟ್ ಇದೆ. ಆದ್ರೆ ಅದರಲ್ಲಿ ನನ್ನ ಕೆಲಸ ಲೋಡಿಂಗ್ ಕಾರ್ಮಿಕ ಅಂತ ಉಂಟು, ಎಸಿ ಟೆಕ್ನಿಷಿಯನ್ ಅಲ್ಲ. ಸಂಬಳ 1,800 ಸರಿ ಉಂಟು. ವುದ್ದಿಯಲ್ಲಿ ದೂರು ಹಾಕಿ ಆಯ್ತು, ನಂಬರ್ ಬಂತು.

ಇವತ್ತು ಬೆಳಿಗ್ಗೆ ಆಫೀಸಿಗೆ ಕರೆದು ಒಂದು ಅರಬ್ಬಿ ಪೇಪರ್ ಮುಂದಿಟ್ರು. ಸೈನ್ ಮಾಡಿದ್ರೆ ಒಂದು ತಿಂಗಳ ಸಂಬಳ ಈಗಲೇ ಕ್ಯಾಶ್, ರಿಲೀಸ್ ಕೂಡ ಕೊಡ್ತೇವೆ ಅಂದ್ರು. ಕೇಳಿ ಹೇಳ್ತೇನೆ ಅಂತ ಫೋಟೋ ಹೊಡ್ಕೊಂಡು ಬಂದೆ.

ಭಟ್ಕಳಿ_ಜುಬೈಲ್:

ಫೋಟೋ ಇನ್‌ಬಾಕ್ಸಿಗೆ ಕಳಿಸಿದಿರಲ್ಲ, ಓದಿದೆ ಭಾಯ್. ಸೈನ್ ಮಾಡಬೇಡಿ. ಮೇಲೆ "ಮುಖಾಲಸಾ" ಅಂತ ಉಂಟು, ಅಂದ್ರೆ ಲೆಕ್ಕ ಚುಕ್ತಾ ಪತ್ರ. "ಸಂಬಳ, ರಜೆಯ ಹಣ, ಸೇವಾ ಅಂತ್ಯದ ಹಣ ಎಲ್ಲ ಪೂರ್ತಿ ಸಿಕ್ಕಿದೆ, ಕಂಪನಿಯ ಮೇಲೆ ನನಗೆ ಇನ್ನು ಯಾವ ಹಕ್ಕೂ ಇಲ್ಲ" ಅಂತ ಬರೆದಿದ್ದಾರೆ. ಮೊತ್ತದ ಜಾಗ ಖಾಲಿ ಬಿಟ್ಟಿದ್ದಾರೆ, ಅದನ್ನು ಆಮೇಲೆ ಅವರೇ ತುಂಬಿಸ್ತಾರೆ. ಕೆಳಗೆ ಹೆಬ್ಬೆಟ್ಟಿಗೂ ಒಂದು ಚೌಕ ಇಟ್ಟಿದ್ದಾರೆ. ರಿಲೀಸ್ ಬಗ್ಗೆ ಆ ಪೇಪರಿನಲ್ಲಿ ಒಂದಕ್ಷರ ಇಲ್ಲ.

ಖೋಬಾರ್_ಪಿಆರ್‌ಒ:

ಭಟ್ಕಳದವರಿಗೆ ದೊಡ್ಡ ಸಲಾಂ. ನೋಡಿ, ದೂರಿನ ನಂಬರ್ ಬಂದ ಮರುದಿನವೇ ಹುರೂಬಿನ ಮಾತು ಹೋಗಿ ಕ್ಯಾಶಿನ ಮಾತು ಬಂತು. ಅವರಿಗೂ ನಿಮ್ಮ ಕೇಸ್ ಗಟ್ಟಿ ಅಂತ ಗೊತ್ತಾಗಿದೆ. ನಿಮಗೆ ಅವರ ರಿಲೀಸ್ ಬೇಕಾಗಿಯೇ ಇಲ್ಲ, ಇಲ್ಲದ್ದನ್ನು ಮಾರ್ತಾ ಇದ್ದಾರೆ.

ಲೋಡಿಂಗ್ ಕಾರ್ಮಿಕ ಅಂತ ಇರುದರಿಂದ ಟ್ರಾನ್ಸ್‌ಫರ್ ನಿಲ್ಲುದಿಲ್ಲ. ಹೊಸ ಕಂಪನಿಯವರು ನಿಮ್ಮನ್ನು ಎಸಿ ಟೆಕ್ನಿಷಿಯನ್ ಅಂತಲೇ ಹಾಕಬೇಕಾದ್ರೆ ಒಂದು ಪರೀಕ್ಷೆ ಉಂಟು. ಪ್ಲಂಬರ್, ಎಲೆಕ್ಟ್ರಿಷಿಯನ್, ವೆಲ್ಡರ್, ಎಸಿ, ಇವಕ್ಕೆಲ್ಲ ಕಸುಬಿನ ಪರೀಕ್ಷೆ ಮಾಡ್ತಾರೆ. ಕೈಯಲ್ಲಿ ಕೆಲಸ ಇದ್ದವರಿಗೆ ಅದು ಹೆದರುವಂಥದ್ದಲ್ಲ. ಹುದ್ದೆ ಸರಿ ಮಾಡಿಸಿಕೊಳ್ಳುವ ಮಾತು ಖೋಬಾರಿನವರ ಹತ್ತಿರ ಈಗಲೇ ಆಡಿ, ಒಳಗೆ ಹೋದ ಮೇಲೆ ಯಾರೂ ಕೇಳುದಿಲ್ಲ.

ಇನ್ನು ಹಣದ ಲೆಕ್ಕ, ರಾಜಿಗೆ ಕೂರುವ ಮೊದಲು ನಿಮಗೆ ಬಾಯಿಪಾಠ ಇರಬೇಕು. ಸಂಬಳ ಬಾಕಿ 1,800ರ ಹಾಗೆ ನಾಲ್ಕು ತಿಂಗಳಿಗೆ 7,200. ಸೇವಾ ಅಂತ್ಯದ ಹಣ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಮೂರು ವರ್ಷಕ್ಕೆ 2,700. ನೀವು ಸುಮ್ಮನೆ ರಾಜೀನಾಮೆ ಕೊಟ್ಟದ್ದು ಅಂತ ಆದ್ರೆ ಎರಡರಿಂದ ಐದು ವರ್ಷದೊಳಗಿನವರಿಗೆ ಅದರಲ್ಲಿ ಮೂರನೇ ಒಂದು ಭಾಗ, 900 ಮಾತ್ರ. ಹಾಗಾಗಿ ಅವರು "ರಿಸೈನ್ ಬರೆದುಕೊಡು" ಅಂತಾರೆ. ಬರೆಯಬೇಡಿ. ಕಂಪನಿ ತನ್ನ ಕಡೆಯ ಕರಾರು ಮುರಿದದ್ದಕ್ಕೆ 81ನೇ ಕಲಮಿನ ಪ್ರಕಾರ ಬಿಡ್ತಾ ಇದ್ದೇನೆ ಅಂತ ಹೇಳಿ, ಆಗ ಪೂರ್ತಿ 2,700 ನಿಮ್ಮದು. ತೆಗೆದುಕೊಳ್ಳದ ರಜೆ ಇದ್ರೆ ಅದರ ಹಣ ಬೇರೆ.

ಕೂತಲ್ಲಿ ಅವರು ಐದು ಸಾವಿರಕ್ಕೆ ಇಳಿಸಲಿಕ್ಕೆ ನೋಡ್ತಾರೆ. ಸ್ವಲ್ಪ ಬಿಟ್ಟುಕೊಟ್ಟು ಬೇಗ ಮುಗಿಸುದಾ, ಕೋರ್ಟಿಗೆ ಹೋಗುದಾ ಅದು ನಿಮಗೆ ಬಿಟ್ಟದ್ದು. ನಾನಾದ್ರೆ ಟ್ರಾನ್ಸ್‌ಫರ್ ಮುಗಿಯುವವರೆಗೆ ಒಪ್ಪುದಿಲ್ಲ. ಹೊಸ ಇಕಾಮಾ ಕೈಯಲ್ಲಿ ಇದ್ದವನಿಗೆ ಕಾಯಲಿಕ್ಕೆ ತ್ರಾಣ ಇರ್ತದೆ. ಕೆಲಸ ಬಿಟ್ಟ ದಿನದಿಂದ 12 ತಿಂಗಳೊಳಗೆ ಹಕ್ಕು ಕೇಳಬಹುದು, ಟ್ರಾನ್ಸ್‌ಫರ್ ಆಯ್ತು ಅಂತ ಹಳೇ ಬಾಕಿ ಮಾಫಿ ಆಗುದಿಲ್ಲ. ರಾಜಿಯ ದಿನ ಫೋನಿನಲ್ಲಿ ಚಾರ್ಜ್ ಇರಲಿ, ಈಗ ಹೆಚ್ಚಿನವು ಆನ್‌ಲೈನಿನಲ್ಲೇ ನಡೀತದೆ. ಅರಬ್ಬಿ ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಭಟ್ಕಳದವರು ಅಲ್ಲೇ ಜುಬೈಲಿನಲ್ಲಿ ಇದ್ದಾರಲ್ಲ, ಕೇಳಿ ನೋಡಿ.

ಭಟ್ಕಳಿ_ಜುಬೈಲ್:

ನಾನು ಬರ್ತೇನೆ. ತಾರೀಕು ಬಂದ ಕೂಡಲೇ ಮೆಸೇಜ್ ಹಾಕಿ, ಡ್ಯೂಟಿ ಬದಲಿಸಿಕೊಳ್ಳಬೇಕು.