ನೆರೆ ಬಂದಾಗ ಮನೆ ಕಾಯಲು ಒಬ್ಬರು ಉಳಿಯಬೇಕೇ?

ಕಾಳಿ ದಂಡೆಯವಳು, ಕಾರವಾರ

ನಮ್ಮ ಮನೆ ಕದ್ರಾ ಅಣೆಕಟ್ಟೆಯ ಕೆಳಗೆ, ಕಾಳಿ ನದಿಯಿಂದ ಕೂಗಳತೆಯ ದೂರದಲ್ಲಿದೆ. 2019ರ ಆಗಸ್ಟ್‌ನಲ್ಲಿ ನೀರು ಕಿಟಕಿಯ ಸರಳಿನವರೆಗೆ ಏರಿತ್ತು. ಎಷ್ಟು ಸಲ ಸುಣ್ಣ ಬಳಿದರೂ ಆ ಕೆಸರಿನ ಗೆರೆ ಪ್ರತಿ ಮಳೆಗಾಲ ಗೋಡೆಯ ಮೇಲೆ ಮತ್ತೆ ಮೂಡುತ್ತದೆ. ಗೇಟು ತೆರೆಯುತ್ತಾರೆ, ಎತ್ತರದ ಜಾಗಕ್ಕೆ ಹೋಗಿ ಎಂದು ಧ್ವನಿವರ್ಧಕದಲ್ಲಿ ಕೂಗಿದಾಗಲೆಲ್ಲ ಅಪ್ಪನದು ಒಂದೇ ಮಾತು: "ನೀವು ಕಾಳಜಿ ಕೇಂದ್ರಕ್ಕೆ ಹೋಗಿ. ನಾನೂ ಬಂದರೆ ಮನೆ ಕಳ್ಳರ ಪಾಲು." ಅವರಿಗೀಗ 72 ವರ್ಷ. ಕಳೆದ ಸಲ ಟಾರ್ಚ್ ಹಿಡಿದು ಇಡೀ ರಾತ್ರಿ ಅಟ್ಟದ ಮೇಲೆ ಕುಳಿತಿದ್ದರು. ನಾನು ಶಾಲೆಯ ಜಗಲಿಯಲ್ಲಿ ಕುಳಿತು ಅವರ ಮೊಬೈಲಿಗೆ ಕರೆ ಮಾಡುತ್ತಲೇ ಇದ್ದೆ, ತಾಗಲಿಲ್ಲ. ನೆರೆಯಲ್ಲಿ ನಿಜಕ್ಕೂ ಲೂಟಿ ನಡೆಯುತ್ತದೆಯೇ? ಅಪ್ಪನಿಗೆ ಏನೆಂದು ಹೇಳಲಿ?

ಕೋಡಿಬಾಗದ ಹಿರಿಯ

ನಿಮ್ಮ ತಂದೆಯ ಭಯವನ್ನು ಹಗುರವಾಗಿ ಕಾಣಬೇಡಿ. 2010ರ ಫೆಬ್ರುವರಿಯಲ್ಲಿ ಚಿಲಿ ದೇಶದಲ್ಲಿ 8.8 ತೀವ್ರತೆಯ ಭೂಕಂಪವಾಯಿತು. ಕನ್ಸೆಪ್ಸಿಯಾನ್ ನಗರದ ದೊಡ್ಡ ಅಂಗಡಿಗಳಿಗೆ ಜನ ನುಗ್ಗಿದರು. ಸೇನೆ ಇಳಿಸಿ ಕರ್ಫ್ಯೂ ಹಾಕಬೇಕಾಯಿತು. 1989ರಲ್ಲಿ ಹ್ಯೂಗೊ ಚಂಡಮಾರುತ ಬಡಿದ, ಅಮೆರಿಕದ ಆಡಳಿತದಲ್ಲಿರುವ ಕೆರಿಬಿಯನ್ ಸಮುದ್ರದ ಸೇಂಟ್ ಕ್ರೋಯಿ ದ್ವೀಪದಲ್ಲಿ ಲೂಟಿ ಎಷ್ಟು ವ್ಯಾಪಕವಾಗಿತ್ತೆಂದರೆ ಅಮೆರಿಕ ತನ್ನ ಸೈನಿಕರನ್ನು ಕಳುಹಿಸಿತು. ಹೊಟ್ಟೆ ಹಸಿದು, ಕೇಳುವವರಿಲ್ಲ ಎಂದಾದಾಗ ಮನುಷ್ಯ ಬದಲಾಗುತ್ತಾನೆ. ಪ್ರತಿ ಕೇರಿಯಲ್ಲೂ ಗಟ್ಟಿಮುಟ್ಟಾದ ನಾಲ್ಕು ಜನ ಉಳಿದು ಕಾವಲು ಕಾಯುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಅಂಕೋಲೆಯ ಮೇಷ್ಟ್ರು

ನೀವು ಕೊಟ್ಟ ಎರಡೂ ಉದಾಹರಣೆ ನಿಜ. ಆದರೆ ಅವು ಅಪವಾದಗಳು. ವಿಪತ್ತಿನಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆಂದು ತಿಳಿಯಲು ಅಮೆರಿಕದಲ್ಲಿ 1963ರಲ್ಲೇ ಒಂದು ಸಂಶೋಧನಾ ಕೇಂದ್ರ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಸಮಾಜಶಾಸ್ತ್ರಜ್ಞ ಎನ್ರಿಕೊ ಕ್ವಾರಂಟೆಲ್ಲಿ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದರು. ಪ್ರಕೃತಿ ವಿಕೋಪದ ಬೆನ್ನಿಗೆ ಸಾಮೂಹಿಕ ಲೂಟಿ ನಡೆಯುವುದು ತೀರಾ ಅಪರೂಪ ಎಂಬುದು ಅವರು ಕಂಡುಕೊಂಡ ಸಂಗತಿ. ಸೇಂಟ್ ಕ್ರೋಯಿಯಲ್ಲಿ ಏಕೆ ನಡೆಯಿತು ಎಂಬುದನ್ನೂ ಅವರು ಪರಿಶೀಲಿಸಿದ್ದರು: ಇಡೀ ದ್ವೀಪವೇ ನೆಲಕಚ್ಚಿತ್ತು, ಬಡವ ಬಲ್ಲಿದರ ನಡುವೆ ಮೊದಲೇ ಆಳವಾದ ಬಿರುಕಿತ್ತು, ಪೊಲೀಸ್ ವ್ಯವಸ್ಥೆ ಮೊದಲಿನಿಂದಲೂ ದುರ್ಬಲವಾಗಿತ್ತು.

ಲೂಟಿಯ ಭಯವೇ ಎಷ್ಟು ಅನಾಹುತ ಮಾಡುತ್ತದೆ ಎಂಬುದನ್ನೂ ನೋಡಿ. 2005ರಲ್ಲಿ ಕತ್ರಿನಾ ಚಂಡಮಾರುತದಿಂದ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರ ಮುಳುಗಿದಾಗ ಮೇಯರ್ ಸುಮಾರು 1,500 ಪೊಲೀಸರನ್ನು ರಕ್ಷಣಾ ಕಾರ್ಯದಿಂದ ತೆಗೆದು ಲೂಟಿ ತಡೆಯಲು ಹಚ್ಚಿದರು. ಜನ ಇನ್ನೂ ಮಾಡುಗಳ ಮೇಲೆ ಕುಳಿತು ಕೈಬೀಸುತ್ತಿದ್ದ ಹೊತ್ತು ಅದು! ಸೆಪ್ಟೆಂಬರ್ 4ರಂದು ಅದೇ ನಗರದ ಡ್ಯಾನ್ಜಿಗರ್ ಸೇತುವೆಯ ಮೇಲೆ ಪೊಲೀಸರೇ ನಿರಾಯುಧರ ಮೇಲೆ ಗುಂಡು ಹಾರಿಸಿದರು. ಇಬ್ಬರು ಸತ್ತರು, ನಾಲ್ವರು ಗಾಯಗೊಂಡರು. 1923ರ ಕಾಂತೊ ಭೂಕಂಪದ ನಂತರ ಜಪಾನಿನಲ್ಲಿ, ಕೊರಿಯನ್ನರು ಬಾವಿಗೆ ವಿಷ ಹಾಕುತ್ತಿದ್ದಾರೆ ಎಂಬ ಗಾಳಿಸುದ್ದಿಗೆ ಸಾವಿರಾರು ಜನ ಬಲಿಯಾದರು. ಕೊಂದವರಲ್ಲಿ ಹೆಚ್ಚಿನವರು ಊರು ಕಾಯಲೆಂದು ಹೊರಟ ಕಾವಲು ಪಡೆಯವರು. ನಾಲ್ಕು ಗಟ್ಟಿಮುಟ್ಟಾದ ಜನರ ಕೈಯಲ್ಲಿ ದೊಣ್ಣೆ ಕೊಡುವ ಮುನ್ನ ಇದನ್ನು ನೆನೆಯಬೇಕು. ಕತ್ತಲಲ್ಲಿ ಕೇರಿಗೆ ಬರುವ ಅಪರಿಚಿತ ಯಾರು? ನಮ್ಮ ಕರಾವಳಿಯಲ್ಲಾದರೆ ಹೊರ ರಾಜ್ಯದ ಕೂಲಿಯವನು, ಲಾರಿ ಕೆಟ್ಟು ನಿಂತ ಚಾಲಕ.

ಕಾಯಿಸಿದ ಹಾಲು, ಕುಮಟಾ

ಅಧ್ಯಯನಗಳು ಏನೇ ಹೇಳಲಿ, ನನ್ನ ಮನೆಯಲ್ಲಿ ಕಳವಾಗಿದೆ. ಅಘನಾಶಿನಿ ಉಕ್ಕಿದ ವರ್ಷ ಮೂರು ದಿನ ತಂಗಿಯ ಮನೆಯಲ್ಲಿದ್ದೆವು. ಮರಳಿ ಬಂದಾಗ ಪಂಪ್‌ಸೆಟ್ಟೂ ಇಲ್ಲ, ಬಚ್ಚಲಿನ ತಾಮ್ರದ ಹಂಡೆಯೂ ಇಲ್ಲ. ಹಂಡೆ ಇದ್ದ ಒಲೆಯ ಮೇಲೆ ದುಂಡಗಿನ ಗುರುತು ಮಾತ್ರ ಉಳಿದಿತ್ತು. ಅದು ನಮ್ಮ ಅಜ್ಜಿ ಮದುವೆಯಾಗಿ ಬಂದಾಗ ತಂದ ಹಂಡೆ. ಅಷ್ಟು ಭಾರದ ಹಂಡೆಯನ್ನು ನೆರೆಯ ನೀರು ಒಲೆಯಿಂದ ಎತ್ತಿಕೊಂಡು ಹೋಗಲಿಲ್ಲ, ಯಾರೋ ಹೊತ್ತುಕೊಂಡು ಹೋದರು. ಅಪರೂಪ ಎಂಬ ಮಾತಿನಿಂದ ನನಗೆ ಸಮಾಧಾನವಿಲ್ಲ.

ಅಂಕೋಲೆಯ ಮೇಷ್ಟ್ರು

ನಿಮ್ಮ ನೋವನ್ನು ಅಲ್ಲಗಳೆಯುವುದಿಲ್ಲ. ಬೀಗ ಹಾಕಿದ ಒಂಟಿ ಮನೆಯಲ್ಲಿ ಕಳ್ಳತನ ಬೇಸಿಗೆಯಲ್ಲೂ ಆಗುತ್ತದೆ, ನೆರೆಯಲ್ಲೂ ಆಗುತ್ತದೆ. ಊರಿಗೆ ಊರೇ ಲೂಟಿಗಿಳಿಯುವುದು ಬೇರೆ ಮಾತು. ಆ ಹಂಡೆಗಾಗಿ ನಿಮ್ಮ ಮನೆಯವರಲ್ಲಿ ಒಬ್ಬರು ಮೂರು ದಿನ ನೀರಿನ ನಡುವೆ ಉಳಿಯಬೇಕಿತ್ತೇ? ಇಷ್ಟೇ ನನ್ನ ಪ್ರಶ್ನೆ.

ಕಾಯಿಸಿದ ಹಾಲು, ಕುಮಟಾ

ಬೇಡ. ಉಳಿಯುತ್ತೇನೆಂದು ಯಜಮಾನರು ಹಟ ಹಿಡಿದಿದ್ದರು, ನಾನೇ ಬಿಡಲಿಲ್ಲ. ಈಗಲೂ ಬಿಡುವುದಿಲ್ಲ. ಆದರೆ ಹಂಡೆ ನೆನಪಾದಾಗ ಹೊಟ್ಟೆ ಉರಿಯುತ್ತದೆ.

ಸದಾಶಿವಗಡದ ದೋಣಿ

2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತು. ಚಾಲಕ ತಮಿಳುನಾಡಿನವನು. ಅವನನ್ನು ದಡಕ್ಕೆ ತಂದದ್ದು ನಮ್ಮ ಮೀನುಗಾರರು ಮತ್ತು ಪೊಲೀಸರು. ಅವನ ಊರು ಯಾವುದು, ಲಾರಿಯಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ. 2018ರಲ್ಲಿ ಕೇರಳ ಮುಳುಗಿದಾಗ ಅಲ್ಲಿನ ಮೀನುಗಾರರು ದೋಣಿಗಳನ್ನು ಲಾರಿಗೇರಿಸಿಕೊಂಡು ಒಳನಾಡಿಗೆ ಹೋಗಿದ್ದರು. ನೀರಿನ ಕಸುಬಿನವರಾಗಿ ನಾವು ಕಂಡಿರುವುದು ಇಂಥ ಜನರನ್ನೇ.

ಮನೆ ಕಾಯಲು ಉಳಿಯುವವರಿಗೆ ಒಂದು ಮಾತು. ನೀವು ಉಳಿದರೆ ನಿಮ್ಮನ್ನು ತರಲು ನಾವು ಕತ್ತಲಲ್ಲಿ ಬರಬೇಕು. ನೆರೆಯ ನೀರಿನಲ್ಲಿ ತೇಲುವ ಮರದ ದಿಮ್ಮಿ ಕಾಣುವುದಿಲ್ಲ, ಬೇಲಿಯ ತಂತಿ ಕಾಣುವುದಿಲ್ಲ. ಹಗಲಲ್ಲೇ ಹೊರಟವರು ತಮ್ಮ ಜೀವದ ಜೊತೆಗೆ ನಮ್ಮ ಜೀವವನ್ನೂ ಉಳಿಸುತ್ತಾರೆ.

ತೋಟದ ಮನೆ, ಶಿರಸಿ

ಘಟ್ಟದ ಮೇಲಿನವರ ಚಿಂತೆ ಸ್ವಲ್ಪ ಬೇರೆ. ನಮಗೆ ಲೂಟಿಗಿಂತ ದಾರಿ ಕಟ್ಟಿಹೋಗುವುದೇ ದೊಡ್ಡ ಭಯ. ದೇವಿಮನೆ ಘಟ್ಟದಲ್ಲಿ ಮಣ್ಣು ಜಾರಿದರೆ ಕುಮಟಾದ ಸಂಪರ್ಕ ಹೋಯಿತು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು ಅಡಿಕೆ ತೋಟಗಳೇ ಜಾರಿದವು. ಅದೇ ನೆರೆಯಲ್ಲಿ ಗುಳ್ಳಾಪುರದ ಸೇತುವೆ ಕೊಚ್ಚಿಹೋಯಿತು.

ಮಳೆಗಾಲಕ್ಕೆ ಅಣಿಯಾಗುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಅಟ್ಟದಲ್ಲಿ ಒಣ ಸೌದೆ, ಡಬ್ಬದಲ್ಲಿ ಹಲಸಿನ ಹಪ್ಪಳ, ಭರಣಿಯಲ್ಲಿ ಮಾವಿನ ಮಿಡಿ, ಕರಾವಳಿಯವರಿಗೆ ಒಣಮೀನು: ಇದೆಲ್ಲ ನಾಲ್ಕು ತಿಂಗಳು ದಾರಿ ಇಲ್ಲದೆ ಬದುಕುವ ಸಿದ್ಧತೆಯೇ. ಈಗಿನ ಮನೆಗಳಲ್ಲಿ ಅಟ್ಟವೂ ಇಲ್ಲ, ಭರಣಿಯೂ ಇಲ್ಲ. ವಾರಕ್ಕೊಮ್ಮೆ ಪೇಟೆಯಿಂದ ತಂದರಾಯಿತು ಎಂಬ ನೆಚ್ಚಿಕೆ. ಇದು ನನ್ನನ್ನು ಕಾಡುತ್ತದೆ. ಮನೆಯಲ್ಲಿ ರಕ್ತದೊತ್ತಡದ ಮಾತ್ರೆ ನುಂಗುವವರಿದ್ದರೆ ಹದಿನೈದು ದಿನದ ಮಾತ್ರೆ ಹೆಚ್ಚಿಗೆ ಇಡಿ. ಕುಡಿಯುವ ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ದಿನಕ್ಕಾಗುವಷ್ಟು ಮುಚ್ಚಿಡಿ. ನೆರೆ ನುಗ್ಗಿದ ಬಾವಿಯ ನೀರನ್ನು ಬ್ಲೀಚಿಂಗ್ ಪುಡಿ ಹಾಕಿ ಶುದ್ಧ ಮಾಡುವವರೆಗೆ ಕುಡಿಯಲೇಬೇಡಿ. ಹೊರಡುವಾಗ ವಿದ್ಯುತ್ತಿನ ಮೇನ್ ಸ್ವಿಚ್ ಆರಿಸಿ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಕಳಚಿ, ಸಿಲಿಂಡರನ್ನು ಕಂಬಕ್ಕೆ ಕಟ್ಟಿ. ಅದು ನೀರಿನಲ್ಲಿ ತೇಲುತ್ತದೆ.

ಕೋಡಿಬಾಗದ ಹಿರಿಯ

ಮೇಷ್ಟ್ರು ಹೇಳಿದ ಜಪಾನಿನ ಸಂಗತಿ ನನಗೆ ಗೊತ್ತಿರಲಿಲ್ಲ. ಓದಿ ಮನಸ್ಸು ಕಲಕಿತು. ದೊಣ್ಣೆಯ ಮಾತು ಬಿಡುತ್ತೇನೆ, ಕಾವಲಿನ ಮಾತು ಬಿಡುವುದಿಲ್ಲ. ನೀರು ಇಳಿದ ಮೇಲೆ, ಜನ ಮರಳುವ ಮುಂಚಿನ ಒಂದೆರಡು ದಿನ ಪೊಲೀಸರ ಜೊತೆ ಊರಿನವರು ಸರದಿಯಲ್ಲಿ ಸುತ್ತು ಹಾಕಲಿ. ಹಂಡೆ ಹೋದದ್ದು ಅಂಥ ಹೊತ್ತಿನಲ್ಲೇ ಇರಬೇಕು.

ಅಂಕೋಲೆಯ ಮೇಷ್ಟ್ರು

ಅದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಜೊತೆಗೆ ಇನ್ನೊಂದು: ಅಣೆಕಟ್ಟು ಒಡೆಯಿತು ಎಂದು ಮೊಬೈಲಿನಲ್ಲಿ ಸುಳ್ಳು ಸುದ್ದಿ ಹಬ್ಬಿಸಿ ಜನರನ್ನು ಗಾಬರಿಪಡಿಸುವವರಿಗೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು ಎಂಬುದನ್ನು ಗುಂಪುಗಳಲ್ಲಿ ತಿಳಿಸಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣ್ಣು ಗಂಗಾವಳಿ ನದಿಗೆ ಬಿದ್ದು, ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ಅಂಥ ಹೊತ್ತಿನಲ್ಲಿ ಒಂದು ಸುಳ್ಳು ಕರೆ ಬಂದರೆ ರಕ್ಷಣೆಯವರು ಯಾವ ಕಡೆ ಓಡಬೇಕು?

ಕಾಳಿ ದಂಡೆಯವಳು, ಕಾರವಾರ

ಎಲ್ಲರ ಮಾತನ್ನೂ ಅಪ್ಪನಿಗೆ ಓದಿ ಹೇಳಿದೆ. ದೋಣಿಯವರ ಮಾತು ಬಂದಾಗ ತಲೆ ತಗ್ಗಿಸಿದರು. ಬಹಳ ಹೊತ್ತು ಸುಮ್ಮನಿದ್ದು, "ಕಳ್ಳರ ಮಾತು ಹಾಗಿರಲಿ, ಎಮ್ಮೆಗಳನ್ನು ಎಲ್ಲಿ ಕಟ್ಟಲಿ?" ಎಂದರು. ಇಷ್ಟು ವರ್ಷ ಅವರು ಅಟ್ಟದಲ್ಲಿ ಕುಳಿತದ್ದು ಇದಕ್ಕೇ. 2019ರಲ್ಲಿ ಪಕ್ಕದ ಮನೆಯ ಹಸು ಕಟ್ಟಿದ ಹಗ್ಗದಲ್ಲೇ ಮುಳುಗಿ ಸತ್ತದ್ದನ್ನು ಅವರು ಕಣ್ಣಾರೆ ಕಂಡಿದ್ದರು. ನೀರು ಬಂದರೆ ಹಗ್ಗ ಬಿಚ್ಚಬೇಕು, ಅದಕ್ಕಾಗಿ ಉಳಿಯುತ್ತಿದ್ದರು. ನಮಗೆ ಹೇಳಲು ನಾಚಿಕೆಯಾಗಿ ಕಳ್ಳರ ನೆಪ ಹೇಳುತ್ತಿದ್ದರು. ಕಾಳಜಿ ಕೇಂದ್ರದಲ್ಲಿ ನಮಗೆ ಚಾಪೆ ಕೊಡುತ್ತಾರೆ, ಎಮ್ಮೆಗೆ ಜಾಗವಿಲ್ಲ.

ಸದಾಶಿವಗಡದ ದೋಣಿ

ಎಷ್ಟು ಎಮ್ಮೆ?

ಕಾಳಿ ದಂಡೆಯವಳು, ಕಾರವಾರ

ಎರಡು, ಒಂದು ಕರು.

ಸದಾಶಿವಗಡದ ದೋಣಿ

ನನ್ನ ಭಾವನ ಮನೆ ಗುಡ್ಡದ ಮೇಲಿದೆ, ಕೊಟ್ಟಿಗೆ ಖಾಲಿ ಬಿದ್ದಿದೆ. ಗೇಟಿನ ಕೂಗು ಬರುವವರೆಗೆ ಕಾಯಬೇಡಿ. ಮಳೆ ಎರಡು ದಿನ ಬಿಡದೆ ಹೊಯ್ದರೆ ಹೊಡೆದುಕೊಂಡು ಬನ್ನಿ. ಒಣಹುಲ್ಲು ಮಾತ್ರ ಈಗಲೇ ತಂದು ಹಾಕಬೇಕು, ಅಲ್ಲಿ ಮೇವಿಲ್ಲ.